ಚಿನ್ನದ ಊರಲ್ಲಿ ಮನೆ ಯಾರ ಹೆಸರಲ್ಲಿದೆ?

೧

ಕೆಜಿಎಫ್ ಎಂದರೆ ಈಗ ನಾಡಿನ ಹುಡುಗರಿಗೆ ಒಂದು ಸಿನಿಮಾ. ಅದರ ಮೊದಲ ಭಾಗ 2018ರ ಡಿಸೆಂಬರಿನಲ್ಲಿ ಬಂತು, ಎರಡನೆಯದು 2022ರ ಏಪ್ರಿಲ್ 14ಕ್ಕೆ. ಅಂದರೆ ಅಂಬೇಡ್ಕರ್ ಜಯಂತಿಯ ದಿನವೇ. ಬೆಳಿಗ್ಗೆ ಬಾಬಾಸಾಹೇಬರ ಪಟಕ್ಕೆ ಹಾರ ಹಾಕಿದ ಕೈಗಳೇ ಮಧ್ಯಾಹ್ನ ಟಿಕೇಟಿಗೆ ಚಾಚಿಕೊಂಡವು. ಇದರಲ್ಲಿ ನಮ್ಮ ಹುಡುಗರ ತಪ್ಪೇನಿಲ್ಲ. ಬಡವರ ಮನೆಯಲ್ಲಿ ಹುಟ್ಟಿದವನೊಬ್ಬ ಸಾಮ್ರಾಜ್ಯ ಆಳುತ್ತಾನೆ ಎಂದರೆ ಯಾರಿಗೆ ತಾನೆ ರೋಮಾಂಚನವಾಗುವುದಿಲ್ಲ? ನಮ್ಮ ತಕರಾರು ಬೇರೆ.

ಆ ಸಿನಿಮಾದ ಗಣಿಯಲ್ಲಿ ಸಾವಿರಾರು ಜನ ಇದ್ದಾರೆ. ಅವರಿಗೆ ಹೆಸರಿಲ್ಲ, ಸಂಘವಿಲ್ಲ, ಮಾತಿಲ್ಲ. ಹೊಡೆಸಿಕೊಳ್ಳುತ್ತಾರೆ, ಸಾಯುತ್ತಾರೆ, ಉಳಿದವರು ಮುಂಬಯಿಯಿಂದ ಒಬ್ಬ ಬಂದು ಬಿಡಿಸಲಿ ಎಂದು ಕಾಯುತ್ತಾರೆ. 'ಅದು ಕಟ್ಟುಕತೆ ಕಣ್ರೀ, ಅದರಲ್ಲಿ ಚರಿತ್ರೆ ಹುಡುಕ್ತೀರಾ?' ಎಂದು ಕೇಳುವವರಿದ್ದಾರೆ. ಕತೆ ಕಟ್ಟುವುದು ನಿಮ್ಮ ಹಕ್ಕು, ಸರಿ. ಆದರೆ ಹೆಸರು ನಿಮ್ಮದಲ್ಲ. ಕ್ಯಾಮೆರಾ ನಿಲ್ಲಿಸಿದ ಆ ಬೂದಿಬಣ್ಣದ ಸೈನೈಡ್ ದಿಬ್ಬವೂ ನಿಮ್ಮದಲ್ಲ. ಆ ದಿಬ್ಬ ಬಂದದ್ದು ಒಂದು ನೂರು ವರ್ಷಕ್ಕೂ ಮಿಕ್ಕಿ ನೆಲದೊಳಗಿಂದ ಕಲ್ಲು ಹೊತ್ತು ತಂದವರ ಬೆನ್ನ ಮೇಲಿಂದ. ಗಾಳಿ ಎದ್ದಾಗ ಅದರ ಧೂಳು ಇವತ್ತಿಗೂ ಹೋಗಿ ಕೂರುವುದು ಅವರ ಮಕ್ಕಳ ಅನ್ನದ ತಟ್ಟೆಯಲ್ಲಿ. ಹೆಸರು ತಗೊಂಡರು, ಧೂಳು ತಗೊಂಡರು, ಮನೆಗಳನ್ನು ಮಾತ್ರ ಚೌಕಟ್ಟಿನಿಂದ ಆಚೆ ಇಟ್ಟರು. ವಿಮರ್ಶೆ ಮಾಡುವವರು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಆ ಮನೆಗಳು ಎಲ್ಲಿ ಹೋದವು?

೨

ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನಕ್ಕೆ ಕೈಹಾಕಿದ್ದು 1880ರಲ್ಲಿ. ನೆಲ ಬಗೆಯಲು ಜನ ಬೇಕಿತ್ತು. ಉತ್ತರ ಆರ್ಕಾಟು, ಸೇಲಂ ಕಡೆಯಿಂದ ಬಂದವರಲ್ಲಿ ಬಹುಪಾಲು ಹೊಲೆಗೇರಿಯ ಜನ. ಹೊಲ ಇಲ್ಲದವರು, ಜಮೀನ್ದಾರನ ಜೀತ ತಪ್ಪಿಸಿಕೊಂಡವರು. ಅವರಿಗಾಗಿ ಕಂಪನಿ ಲೈನುಗಳನ್ನು ಹಾಕಿತು. ಬಿದಿರು ತಟ್ಟಿಯ ಗುಡಿಸಲುಗಳ ಸಾಲು. ಕಂಪನಿಗೆ ಅದು ಮನೆಯಲ್ಲ, ಆಳುಗಳನ್ನು ಬಾವಿಯ ಬಾಯಿಗೆ ಹತ್ತಿರ ಇಟ್ಟುಕೊಳ್ಳುವ ಉಗ್ರಾಣ. ದಿಣ್ಣೆಯ ಮೇಲೆ ದೊರೆಗಳ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. 1902ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗಿಂತ ಮೊದಲೇ ಇಲ್ಲಿಗೆ ಬಂತು ಎಂದು ಪಠ್ಯಪುಸ್ತಕ ಹೆಮ್ಮೆ ಪಡುತ್ತದೆ. ಮೇಷ್ಟರಾಗಿರುವ ಗೆಳೆಯರು ಆ ಪಾಠ ಮಾಡುವಾಗ ಒಂದು ಮಾತು ಸೇರಿಸಬೇಕು: ಆ ಕರೆಂಟು ಬಂದದ್ದು ಯಂತ್ರ ತಿರುಗಿಸಲು, ಕೂಲಿಯ ಗುಡಿಸಲಿಗೆ ದೀಪ ಹಚ್ಚಲು ಅಲ್ಲ.

ಈ ಊರನ್ನು 'ಪುಟ್ಟ ಇಂಗ್ಲೆಂಡ್' ಎಂದು ಕರೆದು ಕಣ್ಣೀರು ಹಾಕುವ ಬರವಣಿಗೆಯೂ ಒಂದಿದೆ. ತಂಪು ಹವೆ, ಕ್ರಿಸ್‌ಮಸ್ ಕೇಕು, ಹೆಂಚಿನ ಬಂಗಲೆ. ಸಿನಿಮಾ ಈ ಊರನ್ನು ನರಕ ಮಾಡಿದರೆ ಈ ಹಳಹಳಿಕೆ ಸ್ವರ್ಗ ಮಾಡುತ್ತದೆ. ಎರಡರಲ್ಲೂ ಲೈನಿನ ಮನುಷ್ಯನಿಗೆ ಜಾಗವಿಲ್ಲ.

ಆ ಮನುಷ್ಯ ಯಾರಿಗೂ ಕಾಯುತ್ತ ಕೂತವನಲ್ಲ. 1930ರಲ್ಲಿ ಎಲ್ಲ ಕೆಲಸಗಾರರ ಬೆರಳಚ್ಚು ಹಿಡಿದು ನೋಂದಾಯಿಸುತ್ತೇವೆ ಎಂದು ಕಂಪನಿ ಹೊರಟಾಗ, 'ನಾವೇನು ಕಳ್ಳರಾ?' ಎಂದು ಗಣಿಗೆ ಗಣಿಯೇ ಕೆಲಸ ನಿಲ್ಲಿಸಿತು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಿದ್ದರು. ಇನ್ನೂ ಹಿಂದೆ, ಅಯೋತಿದಾಸರ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ನಡೆಯುತ್ತಿತ್ತು. ಅವರು ಕಾಲವಾದ ಮೇಲೆ ಅವರ 'ತಮಿಳನ್' ಪತ್ರಿಕೆ ಮತ್ತೆ ಇದೇ ಕೆಜಿಎಫ್‌ನಿಂದ ಹೊರಟಿತು. ಬಾಬಾಸಾಹೇಬರು ಬೌದ್ಧರಾದದ್ದು 1956ರಲ್ಲಿ. ಅದಕ್ಕಿಂತ ದಶಕಗಳ ಮೊದಲು ತಟ್ಟಿ ಗುಡಿಸಲುಗಳ ನಡುವೆ ಬುದ್ಧನ ಮಾತು ಅಚ್ಚಾಗುತ್ತಿತ್ತು. ರಿಪಬ್ಲಿಕನ್ ಪಕ್ಷದ ಶಾಸಕರನ್ನು ಆರಿಸಿ ವಿಧಾನಸಭೆಗೆ ಕಳಿಸಿದ ಊರು ಇದು. ಗಣಿ ಮತ್ತು ಗಿರಣಿ ಕೆಲಸಗಾರರ ಈ ಬದುಕನ್ನು ಜಾನಕಿ ನಾಯರ್ 1998ರಲ್ಲಿ ಇಂಗ್ಲಿಷಿನಲ್ಲಿ ವಿವರವಾಗಿ ಬರೆದರು. ಕೂಲಿ ಲೈನನ್ನು ಕಂಪನಿ ಕಟ್ಟಿತು ನಿಜ. ಅದನ್ನು ಕೇರಿಯಿಂದ ಊರು ಮಾಡಿದವರು ಅಲ್ಲಿದ್ದವರು.

೩

2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಎಂಟುನೂರು ಟನ್ನಿನಷ್ಟು ಚಿನ್ನ ಕೊಟ್ಟ ನೆಲ ಅದು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಶ್ವಾಸಕೋಶದಲ್ಲಿ ಕಲ್ಲಿನ ಪುಡಿ ತುಂಬಿಕೊಂಡವರು ಅದನ್ನು ಮೇಲಕ್ಕೆ ತಂದರು. ಗಣಿ ಮುಚ್ಚಿದ ಮೇಲೂ ಜನ ಊರು ಬಿಡಲಿಲ್ಲ. ಬೆಳಗಿನ ಜಾವ ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು, ರಾತ್ರಿ ಅದೇ ಲೈನಿಗೆ ಬಂದು ಮಲಗುತ್ತಾರೆ. ದಿನಕ್ಕೆ ಹತ್ತಿರಹತ್ತಿರ ಇನ್ನೂರು ಕಿಲೋಮೀಟರ್ ಓಡಾಟ. 'ಇಷ್ಟು ಕಷ್ಟಪಡೋ ಬದಲು ಅಲ್ಲೇ ಮನೆ ಮಾಡಬಾರದಾ?' ಎಂದು ಓದಿದವರು ಕೇಳುತ್ತಾರೆ.

ಕೇಳುವವರು ಎರಡು ಸಂಗತಿ ತಿಳಿಯಬೇಕು. ಒಂದು, ಬೆಂಗಳೂರಿನ ಬಾಡಿಗೆ ಮನೆ. ಮನೆಗೆ ಮೊದಲ ಪದವೀಧರರಾದ ನಮ್ಮಂಥವರು ಮುಂಗಡ ಹಣ ಜೇಬಲ್ಲಿಟ್ಟುಕೊಂಡು ಬಾಗಿಲು ತಟ್ಟಿದರೂ ಒಳಗಿನಿಂದ ಬರುವುದು 'ನೀವು ಯಾವ ಜನ? ಏನು ಊಟ ಮಾಡ್ತೀರಿ?' ಎಂಬ ಮಾತು. ಎರಡು, ಹಿಂದಿರುಗಿ ಹೋಗಬಹುದಾದ ಹಳ್ಳಿ. ಗಣಿ ಮುಚ್ಚುವ ಒಂದು ವರ್ಷದ ಹಿಂದೆ, 2000ದ ಮಾರ್ಚ್ 11ರಂದು, ಅದೇ ಕೋಲಾರ ಜಿಲ್ಲೆಯಲ್ಲಿದ್ದ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೇ ಸುಟ್ಟರು. ಆರೋಪಿಗಳು ಖುಲಾಸೆಯಾದರು. ನಗರ ಬಾಗಿಲು ತೆಗೆಯುವುದಿಲ್ಲ, ಹಳ್ಳಿ ಹೊರಗಿನಿಂದ ಚಿಲಕ ಹಾಕಿ ಬೆಂಕಿ ಇಡುತ್ತದೆ. ಇವೆರಡರ ನಡುವೆ, ಅಕ್ಕಪಕ್ಕದವರು ಜಾತಿ ಕೇಳದ ಒಂದು ಓಣಿ ಎಂದರೆ ಅದೇನು ಸಣ್ಣ ಆಸ್ತಿಯೆ?

ಹಾಗಂತ ಲೈನನ್ನು ನಾವು ಹೂವಿನ ತೋಟ ಮಾಡುತ್ತಿಲ್ಲ. ಕೈಯಿಂದ ಮಲ ಬಾಚಿಸುವುದನ್ನು ಕಾನೂನು 1993ರಲ್ಲೇ ನಿಷೇಧಿಸಿತ್ತು. ಕೆಜಿಎಫ್‌ನಲ್ಲಿ ಅದು ಇನ್ನೂ ನಡೆಯುತ್ತಿದೆ ಎಂಬುದು 2011ರಲ್ಲಿ ಬಯಲಾಯಿತು. ಅಲ್ಲಿ ಬಾಚುತ್ತಿದ್ದವರೂ ನಮ್ಮವರೇ. ಜಗತ್ತಿನ ಅತಿ ಆಳದ ಗಣಿಗಳಲ್ಲೊಂದನ್ನು ತೋಡಿದ ವಿಜ್ಞಾನಕ್ಕೆ ಒಂದು ಪಾಯಿಖಾನೆಯ ಗುಂಡಿ ತೋಡಲು ಆಗಲಿಲ್ಲ.

೪

ಈಗ ಮನೆ ಕೊಳ್ಳುವ ಮಾತು. ಕಂಪನಿಯ ಕ್ವಾರ್ಟರ್ಸು ನೌಕರಿಯ ಬಾಲ. ನೌಕರಿ ಹೋದರೆ ಬಾಲಕ್ಕೆ ಕಾನೂನಿನ ಆಸರೆ ಇಲ್ಲ. ಆದ್ದರಿಂದಲೇ 'ನಾವಿರುವ ಮನೆ ನಮ್ಮ ಹೆಸರಿಗೆ ಆಗಲಿ' ಎಂಬ ಬೇಡಿಕೆ ಮುಚ್ಚುಗಡೆಯ ನಂತರದ ಹೋರಾಟದಲ್ಲೆಲ್ಲ ಕೇಳುತ್ತ ಬಂದಿದೆ. ಅಪ್ಪ ಸುಣ್ಣ ಹೊಡೆದ ಗೋಡೆ, ಅವ್ವ ಹಿತ್ತಲಲ್ಲಿ ನೆಟ್ಟ ನುಗ್ಗೆ ಮರ, ತಾವೇ ದುಡ್ಡು ಹಾಕಿ ಬದಲಿಸಿದ ಶೀಟು, ಇವು ಯಾವುವೂ ದಾಖಲೆಯಲ್ಲ. ಬ್ಯಾಂಕು ಕೇಳುವುದು ಕ್ರಯಪತ್ರ, ಖಾತೆ, ಋಣಭಾರ ಪತ್ರ. ಅವಿಲ್ಲದಿದ್ದರೆ ಸಾಲವಿಲ್ಲ. ಸಾಲವಿಲ್ಲದಿದ್ದರೆ ರಿಪೇರಿಯಿಲ್ಲ, ಮಗಳ ಕಾಲೇಜಿಗೆ ಅಡವಿಡಲು ಏನೂ ಇಲ್ಲ. ಕಾಗದವಿಲ್ಲದ ಮನೆಯನ್ನು ಮಾರುವವನೂ ಕೊಳ್ಳುವವನೂ ಬಿಳಿ ಹಾಳೆಯ ಕರಾರಿಗೆ ರುಜು ಹಾಕಿ, ನಾಳೆ ಯಾರಾದರೂ ಬಂದು ಎಬ್ಬಿಸಿದರೆ ಗತಿಯೇನು ಎಂದು ಜೀವಮಾನವಿಡೀ ಹೆದರಬೇಕು.

ಚಿನ್ನದ ಲೆಕ್ಕಕ್ಕೆ ಮಾತ್ರ ಸರ್ಕಾರಗಳಿಗೆ ಯಾವ ತೊಡಕೂ ಇಲ್ಲ. 2024ರಲ್ಲಿ ಹದಿಮೂರು ದಿಬ್ಬಗಳ ಮಣ್ಣಿನಿಂದ ಅಳಿದುಳಿದ ಚಿನ್ನ ತೆಗೆಯಲು ರಾಜ್ಯದ ಸಚಿವ ಸಂಪುಟ ಒಪ್ಪಿತು. ಕಸದ ಮಣ್ಣಿನಲ್ಲಿ ಎಷ್ಟು ಚಿನ್ನವಿದೆ ಎಂದು ಅಳೆಯಬಲ್ಲವರಿಗೆ ಒಂದು ಲೈನಿನಲ್ಲಿ ಎಷ್ಟು ಮನೆಗಳಿವೆ, ಯಾರು ಎಷ್ಟು ವರ್ಷದಿಂದ ಇದ್ದಾರೆ ಎಂದು ಅಳೆಯುವುದು ಅಷ್ಟು ಕಷ್ಟವೆ? ಇತ್ತ ಬೇತಮಂಗಲದವರೆಗೆ ಹೆದ್ದಾರಿ ಬಂದಿದೆ. ಹೆದ್ದಾರಿಯ ಹಿಂದೆಯೇ ಲೇಔಟಿನ ಬಣ್ಣದ ಹಾಳೆಗಳು ಬರುತ್ತವೆ. ಬೆಂಗಳೂರಿನಲ್ಲಿ ಬಿನ್ನಿ ಮಿಲ್ಲಿನ ನೆಲದ ಮೇಲೆ ಎದ್ದ ಗಗನಚುಂಬಿ ಮನೆಗಳನ್ನು ನೋಡಿ. ಅಲ್ಲಿ ನೇಯ್ದವರ ಮೊಮ್ಮಕ್ಕಳು ಆ ಗೇಟು ದಾಟುವುದು ಮುಸುರೆ ತಿಕ್ಕಲು, ಸೆಕ್ಯುರಿಟಿಗೆ ನಿಲ್ಲಲು.

ನಮ್ಮ ಕ್ರಾಂತಿಕಾರಿ ಗೆಳೆಯರಲ್ಲಿ ಕೆಲವರು, 'ಸ್ವಂತ ಮನೆ ಎನ್ನುವುದು ಮಧ್ಯಮವರ್ಗದ ಭ್ರಮೆ. ಆಸ್ತಿ ಬಂದರೆ ಹೋರಾಟ ಸಾಯುತ್ತದೆ' ಎನ್ನುತ್ತಾರೆ. ಹೀಗೆನ್ನುವವರ ಅಪ್ಪನಿಗೆ ಊರಲ್ಲಿ ತೊಟ್ಟಿಮನೆ ಇರುತ್ತದೆ. ಬಿಟ್ಟುಕೊಡಲು ಮೊದಲು ಇರಬೇಕಲ್ಲ ಸ್ವಾಮಿ? ತಲೆತಲಾಂತರದಿಂದ ಒಂದು ಗೇಣು ನೆಲ ತನ್ನದೆನ್ನುವ ಹಕ್ಕಿಲ್ಲದವನಿಗೆ ಹಕ್ಕುಪತ್ರವೆಂದರೆ ಆಸ್ತಿಯ ಮದವಲ್ಲ, 'ಏಳೋ' ಎಂದವನಿಗೆ 'ಏಳಲ್ಲ' ಎನ್ನುವ ಧೈರ್ಯ. ಬಾಡಿಗೆಯವನ ಮುಷ್ಕರ ಎಷ್ಟು ದಿನ ನಡೆದೀತು? ಮನೆಯ ಬೀಗದ ಕೈ ಮಾಲೀಕನ ಸೊಂಟದಲ್ಲಿದ್ದರೆ ಕೆಲಸಗಾರನ ಬಾಯಿಗೂ ಅದೇ ಬೀಗ.

ಈ ಹಕ್ಕು ನಾಡಿಗೆ ಹೊಸದೂ ಅಲ್ಲ. 1974ರ ಭೂಸುಧಾರಣೆ ಉಳುವವನಿಗೆ ಹೊಲ ಎಂದಿತು. ಜೊತೆಗೆ ಬೇರೆಯವರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೃಷಿ ಕೂಲಿಗೆ ಆ ಗುಡಿಸಲೂ ಅವನದೇ ಎಂದಿತು. ದಾಖಲೆಯಿಲ್ಲದ ತಾಂಡಾ ಹಟ್ಟಿಗಳಿಗೂ ಆಮೇಲೆ ಅದೇ ಕಾನೂನು ವಿಸ್ತರಿಸಿ, 2023ರಲ್ಲಿ ಕಲ್ಯಾಣ ಕರ್ನಾಟಕದ ಲಂಬಾಣಿ ಕುಟುಂಬಗಳಿಗೆ ಸಾವಿರಗಟ್ಟಲೆ ಹಕ್ಕುಪತ್ರ ಹಂಚಿದರು. ಹೊಲದ ಕೂಲಿಗೆ ಸಲ್ಲುವ ನ್ಯಾಯ ಗಣಿಯ ಕೂಲಿಗೆ ಏಕೆ ಸಲ್ಲಬಾರದು? 'ಅದು ಕೇಂದ್ರದ ಕಂಪನಿಯ ಜಾಗ' ಎಂಬುದು ಉತ್ತರವಲ್ಲ, ನುಣುಚಿಕೊಳ್ಳುವ ದಾರಿ. 'ಅವರು ತಮಿಳರಲ್ಲವಾ' ಎಂದು ಪಿಸುಗುಡುವವರಿಗೆ ಒಂದೇ ಮಾತು: ಕಲ್ಲಿನ ಪುಡಿಗೆ ಯಾವ ಭಾಷೆ?

೫

ಇನ್ನು ನಮ್ಮ ಸಾಹಿತ್ಯ. ದಲಿತ ಬಂಡಾಯ ಬರವಣಿಗೆ ಕನ್ನಡಕ್ಕೆ ಮನೆಯನ್ನು ಹೊಸದಾಗಿ ತೋರಿಸಿತು. ನವ್ಯರ ಮನೆಯಲ್ಲಿ ಅಪ್ಪ, ಅಪರಾಧ ಪ್ರಜ್ಞೆ, ಕತ್ತಲೆ ಕೋಣೆ ಇದ್ದವು. ದೇವನೂರರ 'ಒಡಲಾಳ'ದಲ್ಲಿ ಸಾಕವ್ವನ ಮನೆಗೆ ಪೊಲೀಸರು ಕಡಲೆಕಾಯಿ ಹುಡುಕಿಕೊಂಡು ಬರುತ್ತಾರೆ. ಬಡವನ ಮನೆಗೆ ಬಾಗಿಲಿದ್ದರೂ ಅದು ಬಾಗಿಲಲ್ಲ ಎಂದು ಆ ಕತೆ ಹೇಳಿದ ಹಾಗೆ ಇನ್ಯಾವುದೂ ಹೇಳಲಿಲ್ಲ. ಸಿದ್ಧಲಿಂಗಯ್ಯನವರ 'ಊರುಕೇರಿ' ಮಾಗಡಿಯ ಕಡೆಯಿಂದ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದ ಕೇರಿಯನ್ನು ನಗುನಗುತ್ತ ತೋರಿಸಿತು. ಆದರೆ ಹೊಲ, ಬಾವಿ, ಗುಡಿಯ ಬಾಗಿಲಿನ ಬಗ್ಗೆ ಬಂದಷ್ಟು ಬರವಣಿಗೆ ಲೈನು, ಶಿಫ್ಟು, ಕ್ವಾರ್ಟರ್ಸುಗಳ ಬಗ್ಗೆ ಕನ್ನಡದಲ್ಲಿ ಬಂದಿಲ್ಲ.

2024ರ ಆಗಸ್ಟಿನಲ್ಲಿ ಪಾ. ರಂಜಿತ್ ತಮಿಳಿನಲ್ಲಿ 'ತಂಗಲಾನ್' ತೆಗೆದರು. ನೆಲ ಕಳೆದುಕೊಂಡವರು ದೊರೆಯ ಹಿಂದೆ ಚಿನ್ನ ಹುಡುಕಿ ಹೋಗುವ ಕತೆ. ಅದರ ಮಾಯಾಮಂತ್ರದ ಗದ್ದಲ ಕೆಲವೆಡೆ ಕತೆಯನ್ನೇ ನುಂಗುತ್ತದೆ, ನಿಜ. ಆದರೂ ಅಗೆಯುವವನು ಯಾಕೆ ಅಗೆಯುತ್ತಾನೆ ಎಂಬ ಪ್ರಶ್ನೆ ಅಲ್ಲಿದೆ: ಹೋದ ನೆಲ ಬಿಡಿಸಿಕೊಳ್ಳಲು. ಕನ್ನಡದ ಸಿನಿಮಾದಲ್ಲಿ ಚಿನ್ನ ಚಿನ್ನಕ್ಕಾಗಿ. ಅಲ್ಲಿ ಚಿನ್ನ ನೆಲಕ್ಕಾಗಿ. ಈ ಒಂದು ವ್ಯತ್ಯಾಸದಿಂದ ಅಗೆಯುವವನು ಮನುಷ್ಯನಾಗುತ್ತಾನೆ.

ಆದ್ದರಿಂದ ಲೈನಿನಲ್ಲಿ ಹುಟ್ಟಿ ಓದುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ನಾವು ಹೇಳುವುದು ಇಷ್ಟೆ. ಕವಿತೆ ಬರೆಯಿರಿ, ಅದಕ್ಕೂ ಮೊದಲು ನಿಮ್ಮ ಓಣಿಯ ಮನೆಮನೆಯ ಲೆಕ್ಕ ಬರೆಯಿರಿ. ಯಾವ ಇಸವಿಗೆ ಯಾರು ಬಂದರು, ಯಾವ ಗಣಿಯಲ್ಲಿ ದುಡಿದರು, ಯಾವ ರೋಗಕ್ಕೆ ಸತ್ತರು, ಗೋಡೆಗೆ ಯಾರು ದುಡ್ಡು ಹಾಕಿದರು. ಹಳೆಯ ಸಂಬಳದ ಚೀಟಿ, ಸಂಘದ ರಶೀದಿ, ಕರೆಂಟು ಬಿಲ್ಲು, ಯಾವುದನ್ನೂ ಒಲೆಗೆ ಹಾಕಬೇಡಿ. ನಾಳೆ ಕೋರ್ಟಿಗೆ ಅದು ಸಾಕ್ಷಿ, ಸಾಹಿತ್ಯಕ್ಕೂ ಅದೇ ಸಾಕ್ಷಿ.

ಕಳ್ಳರೆಂದು ಬೆರಳಚ್ಚು ಕೇಳಿದಾಗ 1930ರಲ್ಲಿ ಅಜ್ಜಂದಿರು ಕೊಡಲಿಲ್ಲ. ಮೊಮ್ಮಕ್ಕಳು ಇವತ್ತು ಬೆರಳಚ್ಚು ಕೊಡಲು ಸಿದ್ಧರಿದ್ದಾರೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಮನೆಯ ಒಡೆಯರೆಂದು. ಕಾಗದ ಮುಂದಿಡಬೇಕಾದವರು ಯಾರು ಎಂಬುದಷ್ಟೇ ಈಗ ಉಳಿದಿರುವ ಜಗಳ. ಆ ಜಗಳದಲ್ಲಿ ಕನ್ನಡದ ಲೇಖಕ ಯಾವ ಕಡೆ ಎಂದು ಕೇಳುವುದೂ ವಿಮರ್ಶೆಯ ಕೆಲಸವೇ.