ಅಂಕಿತ ಕಳೆದುಕೊಂಡ ಕ್ಯಾಸೆಟ್ಟುಗಳು

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಪತ್ರಿಕೆಗಳಲ್ಲಿ ವರ್ಷದ ಮೆಚ್ಚಿನ ಹಾಡುಗಳ ಪಟ್ಟಿ ಬರುತ್ತದೆ. ಅದನ್ನು ಓದಿದಾಗಲೆಲ್ಲ ನನಗೆ ಶಹಾಪುರದ ಬಸ್ ನಿಲ್ದಾಣದ ಬಳಿ ಇದ್ದ ಒಂದು ಕ್ಯಾಸೆಟ್ ಅಂಗಡಿ ನೆನಪಾಗುತ್ತದೆ. ಇಬ್ಬರು ನಿಂತರೆ ಮೂರನೆಯವನು ಹೊರಗೇ ನಿಲ್ಲಬೇಕಾದಷ್ಟು ಸಣ್ಣ ಅಂಗಡಿ ಅದು. ಅಂಗಡಿಯವರನ್ನು ಊರೆಲ್ಲ ಚಾಚಾ ಎಂದೇ ಕರೆಯುತ್ತಿತ್ತು. ಅವರೂ ವರ್ಷಕ್ಕೊಮ್ಮೆ ಇಂಥ ಪಟ್ಟಿ ಮಾಡುತ್ತಿದ್ದರು. ಬಾಗಿಲಿಗೆ ಅಡ್ಡಲಾಗಿ ಒಂದು ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಹತ್ತು ಕ್ಯಾಸೆಟ್ಟುಗಳ ಕವರುಗಳನ್ನು ಸಿಕ್ಕಿಸುತ್ತಿದ್ದರು. ಆ ವರ್ಷ ಅವರ ಅಂಗಡಿಯಲ್ಲಿ ಹೆಚ್ಚು ಹೋದ, ಅವರೂ ಮೆಚ್ಚಿದ ಹತ್ತು ಕ್ಯಾಸೆಟ್ಟುಗಳು ಅವು. ಆದರೆ ಆ ಹಗ್ಗ ಡಿಸೆಂಬರಿನಲ್ಲಿ ಏರುತ್ತಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಅವರು ಹೇಳಿದ್ದು: "ನೋಡು ತಮ್ಮಾ, ನಮ್ದು ಡಿಸೆಂಬರ್ ಲೆಕ್ಕ ಅಲ್ಲ. ಯುಗಾದಿ ಆಗ್ಬೇಕು, ಮೊಹರಮ್ ಆಗ್ಬೇಕು. ಆಮ್ಯಾಲ ವರ್ಷ ಆದಂಗ."

ಅವರ ಮಾತಿನಲ್ಲಿ ವ್ಯಾಪಾರದ ಲೆಕ್ಕವೂ ಇತ್ತು. ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಕ್ಯಾಸೆಟ್ ಮಾರಾಟವಾಗುತ್ತಿದ್ದುದು ಜಾತ್ರೆ, ಉರುಸು, ಹಬ್ಬ, ಮದುವೆಗಳ ಬೆನ್ನಿಗೆ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ. ಜಿಲ್ಕಾದ್ ತಿಂಗಳ ನಡುವೆ ಗುಲ್ಬರ್ಗದಲ್ಲಿ ಬಂದೇನವಾಜರ ಉರುಸು. ಸುರಪುರದ ಕಡೆಯವರಿಗೆ ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರ. ಸೂರ್ಯನ ಲೆಕ್ಕದ ಹಬ್ಬ ಅಲ್ಲೇ ನಿಲ್ಲುತ್ತದೆ. ಚಾಂದ್ರಮಾನದ ಹಿಜರಿ ತಿಂಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಹಾಗಾಗಿ ಅಂಗಡಿಯವರಿಗೆ ಪ್ರತಿವರ್ಷವೂ ಹೊಸ ಲೆಕ್ಕ. 2000ನೆಯ ಇಸವಿಯ ಏಪ್ರಿಲ್ ಮೊದಲ ವಾರದಲ್ಲಿ ಮಾತ್ರ ಒಂದೇ ಅಮಾವಾಸ್ಯೆ ಕಳೆದ ಮೇಲೆ ಯುಗಾದಿಯೂ ಬಂತು, ಹಿಜರಿ 1421ರ ಮೊಹರಂ ಚಂದ್ರನೂ ಕಂಡ. ಎರಡು ಹೊಸ ವರ್ಷಗಳು ಒಂದೇ ವಾರದಲ್ಲಿ. ಆ ವರ್ಷ ಹಗ್ಗಕ್ಕೆ ಏರಿದ ಕವರುಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಈ ಲೇಖನಕ್ಕೆ ಆಧಾರ ಆ ಪುಟವೇ.

ಹತ್ತರಲ್ಲಿ ಎರಡೇ ಹೊಸವು. ಒಂದು, ಕೆ. ಕಲ್ಯಾಣ್ ಅವರ 'ಚಂದ್ರಮುಖಿ ಪ್ರಾಣಸಖಿ'. 1999ರ ಚಿತ್ರವಾದರೂ ಆ ಮದುವೆ ಸೀಸನ್ನಿನಲ್ಲೂ ಅದರದೇ ಸದ್ದು. ಇನ್ನೊಂದು, ಅದೇ ಜನವರಿಯಲ್ಲಿ ತೆರೆಕಂಡ 'ಕಹೋ ನಾ ಪ್ಯಾರ್ ಹೈ'. ಇವೆರಡರ ಬಗ್ಗೆ ನಾನು ಹೆಚ್ಚು ಹೇಳಬೇಕಾದದ್ದು ಇಲ್ಲ. ಯಾದಗಿರಿಗೆ ರೈಲಿದೆ, ಮುಂಬಯಿ, ಹೈದರಾಬಾದುಗಳ ಹೊಸ ಮಾಲು ಮೊದಲು ಅಲ್ಲಿ ಇಳಿದು, ಆಮೇಲೆ ಬಸ್ಸಿನಲ್ಲಿ ನಮ್ಮಲ್ಲಿಗೆ ಬರುತ್ತಿತ್ತು. ಉಳಿದ ಎಂಟು ಹಳೆಯವು. ಅಶ್ವತ್ಥರ ಶರೀಫ್ ಗೀತೆಗಳು, 1997ರ 'ನಾಗಮಂಡಲ', ಅಜೀಜ್ ನಾಜಾಂರ 'ಚಢ್ತಾ ಸೂರಜ್' ಇದ್ದ ಕವಾಲಿಗಳು, ಒಂದು ನಾತ್ ಸಂಗ್ರಹ, ಸಂಗ್ಯಾ ಬಾಳ್ಯಾ ಸಣ್ಣಾಟ, ನಿಸಾರ್ ಅಹಮದರ 'ನಿತ್ಯೋತ್ಸವ', ಒಂದು ರಿವಾಯತ್ ಪದಗಳ ಕ್ಯಾಸೆಟ್, ಮತ್ತು ಸುಮ್ಮನೆ 'ಭಕ್ತಿಪದಗಳು' ಎಂದು ಹೆಸರು ಹೊತ್ತ ಒಂದು.

ಬಿಡುಗಡೆಯ ವರ್ಷ ಬೇರೆ, ಹಾಡು ಜನರಿಗೆ ಬೇಕಾದ ವರ್ಷ ಬೇರೆ. ಪತ್ರಿಕೆಗಳ ಪಟ್ಟಿಗಳಲ್ಲಿ ಈ ಎರಡನೆಯದಕ್ಕೆ ಜಾಗವೇ ಇಲ್ಲ. 'ನಿತ್ಯೋತ್ಸವ' 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂದದ್ದು, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್. ಕನ್ನಡದಲ್ಲಿ ಕವಿತೆ ಕ್ಯಾಸೆಟ್ಟಿನ ಬಾಗಿಲು ತೆರೆದದ್ದು ಒಬ್ಬ ಮುಸ್ಲಿಂ ಕವಿಯ ಕೈಯಿಂದ ಎಂಬುದನ್ನು ನಾವು ಆಗಾಗ ಮರೆಯುತ್ತೇವೆ. ಇಪ್ಪತ್ತೆರಡು ವರ್ಷಗಳ ನಂತರ ಅದು ಮಲೆನಾಡಿನ ಹಸಿರೇ ಕಾಣದ ಸಗರನಾಡಿನ ಹಗ್ಗದ ಮೇಲೆ ತೂಗುತ್ತಿತ್ತು. ಅದನ್ನು ಕೊಳ್ಳುತ್ತಿದ್ದವರು ಬಹುತೇಕ ಶಾಲಾ ಮಾಸ್ತರರು.

ಶರೀಫ್ ಗೀತೆಗಳ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂದಾಗ ಅದರ ಹಾಡುಗಳು ನಮ್ಮ ಹಳ್ಳಿಗಳನ್ನು ಹೊಕ್ಕ ಬಗೆ ಬೇರೆ ಯಾವ ಭಾವಗೀತೆಗೂ ಸಾಧ್ಯವಾಗಿರಲಿಲ್ಲ. ಅಶ್ವತ್ಥರ ಕಂಠದಲ್ಲಿ ಬಯಲಿನಲ್ಲಿ ನಿಂತು ಕೂಗಿ ಕರೆಯುವವನ ದಮ್ಮಿತ್ತು. ಮಾಳಿಗೆ ಸೋರುವ ಪದವನ್ನು ಅವರು ಹಾಡಿದಾಗ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬದುಕುವ ನಮಗೆ ಅದು ಅರ್ಥವಾಗಲು ವ್ಯಾಖ್ಯಾನ ಬೇಕಾಗಲಿಲ್ಲ. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕೆಲವೇ ವರ್ಷಗಳಲ್ಲಿ ನಮ್ಮೂರ ಭಜನೆಯವರೂ ಅದೇ ಧಾಟಿಯಲ್ಲಿ ಹಾಡತೊಡಗಿದರು. ಅಮಾವಾಸ್ಯೆಯ ರಾತ್ರಿ ಏಕತಾರಿ, ದಮ್ಮಡಿ ಹಿಡಿದು ಕೂತವರು ಒಂದು ಪದವನ್ನು ಅರ್ಧ ತಾಸು ಹಾಡುತ್ತಿದ್ದರು. ಒಂದು ನುಡಿ ಹಾಡಿ ನಿಲ್ಲಿಸಿ ಅರ್ಥ ಬಿಡಿಸುವರು, ಎದುರಿನವ ತಕರಾರು ತೆಗೆಯುವನು, ಮತ್ತೆ ಮುಂದಿನ ನುಡಿ. ಕ್ಯಾಸೆಟ್ ಬಂದ ಮೇಲೆ ತಕರಾರು ನಿಂತಿತು. ಐದು ನಿಮಿಷಕ್ಕೆ ಪದ ಮುಗಿಯತೊಡಗಿತು. ಇದು ಅಶ್ವತ್ಥರ ತಪ್ಪಲ್ಲ. ಒಂದು ಧಾಟಿ ಚೆನ್ನಾಗಿದ್ದರೆ ಉಳಿದವು ನಾಚಿಕೊಂಡು ಮೂಲೆ ಸೇರುತ್ತವೆ.

ಶರೀಫರ ಹೆಸರಾದರೂ ಉಳಿಯಿತು. ಹೆಸರೇ ಹೋದವರ ಮಾತು ಈಗ.

ಆ 'ಭಕ್ತಿಪದಗಳು' ಕ್ಯಾಸೆಟ್ಟಿನ ಕವರಿನ ಮೇಲೆ ದೀಪದ ಚಿತ್ರವಿತ್ತು. ಹಾಡಿದವರು ಯಾರು, ಬರೆದವರು ಯಾರು ಎಂದು ಒಂದಕ್ಷರ ಇರಲಿಲ್ಲ. 'ಸಾಹಿತ್ಯ: ಜಾನಪದ' ಎಂದಷ್ಟೇ. ಕೇಳಿದರೆ ಹಾರ್ಮೋನಿಯಂ ಮೈಕಿನ ಬಾಯಿಗೇ ಕೂತಂತೆ ದೊಡ್ಡದು. ಸ್ಟುಡಿಯೋದವರು ಹಿಂದಿನಿಂದ ರಿದಂ ಪ್ಯಾಡ್ ಸೇರಿಸಿದ್ದರು. ದಮ್ಮಡಿಯ ಚರ್ಮದ ದನಿ ಅದರಡಿ ಸತ್ತೇಹೋಗಿತ್ತು. ಆದರೂ ಹಾಡುವವನ ಗಂಟಲು ಎಂಥದು! ಮೇಲಿನ ಸ್ವರಕ್ಕೆ ಹೋದಾಗ ಒಡೆದು, ಒಡೆದಲ್ಲೇ ನಿಲ್ಲುವ ದನಿ. ಅದು ಓದಿನಿಂದ ಬಂದದ್ದಲ್ಲ. ಆ ವರ್ಷದ ಹತ್ತರಲ್ಲಿ ನನ್ನ ಆಯ್ಕೆ ಅದೇ. ಅದರಲ್ಲಿದ್ದ ಎರಡು ಪದಗಳನ್ನು ನಾನು ಮೊದಲೇ ಬಲ್ಲೆ. ನಮ್ಮೂರ ಭಜನೆಯವರು ಅವನ್ನು ಕಡಕೋಳ ಮಡಿವಾಳಪ್ಪನವರ ಶಿಷ್ಯ ಪರಂಪರೆಯ ಪದಗಳೆಂದು ಹಾಡುತ್ತಿದ್ದರು. ಕ್ಯಾಸೆಟ್ಟಿನಲ್ಲಿ ಎರಡೂ ಪದಗಳ ಕೊನೆಯ ನುಡಿ ಇಲ್ಲ. ಮೊದಲೆರಡು ನುಡಿ, ಪಲ್ಲವಿ, ಮುಗಿಯಿತು.

ಕೊನೆಯ ನುಡಿ ಎಂದರೆ ಅಂಕಿತದ ನುಡಿ. ಶರೀಫರ ಪದಗಳಲ್ಲಿ ಶಿಶುನಾಳಧೀಶ ಬರುವ ಜಾಗ ಅದು. ಕವಿ ತನ್ನ ಗುರುವನ್ನು, ಊರನ್ನು, ಕೆಲವೊಮ್ಮೆ ತನ್ನನ್ನು ಹೆಸರಿಸುವ ಜಾಗ. ಗಜಲಿನಲ್ಲಿ ಕೊನೆಯ ಶೇರ್ ಆದ ಮಕ್ತಾದಲ್ಲಿ ಕವಿಯ ತಖಲ್ಲುಸ್ ಬರುವುದೂ ಹೀಗೆಯೇ. ರಿವಾಯತ್ ಪದಗಳಲ್ಲಂತೂ ಕೊನೆಗೆ ಊರು, ಅಲ್ಲಿಯ ಪೀರಲ ದೇವರು, ಪದ ಕಟ್ಟಿದ ಉಸ್ತಾದ ಎಲ್ಲರೂ ಹಾಜರಿ ಹಾಕುತ್ತಾರೆ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರು ಆ ನುಡಿಗೆ ದನಿ ಏರಿಸುತ್ತಾರೆ. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಮೂವತ್ತು ನಿಮಿಷ, ಆರು ಪದ ತುಂಬಬೇಕು, ಏನನ್ನಾದರೂ ಕತ್ತರಿಸಲೇಬೇಕು. ಎಲ್ಲರಿಗೂ ಕತ್ತರಿ ಆಡಿಸಲು ಸುಲಭವಾಗಿ ಕಂಡದ್ದು ಬಾಲ. ಕವಿಯ ಹೆಸರು ಇದ್ದದ್ದು ಅಲ್ಲಿಯೇ.

ಇದನ್ನು ಬರೀ ತಾಂತ್ರಿಕ ಅಡಚಣೆ ಎಂದು ನಾನು ಒಪ್ಪಲಾರೆ. ಚೆನ್ನೂರ ಜಲಾಲ ಸಾಹೇಬರು ಮಡಿವಾಳಪ್ಪನವರ ಶಿಷ್ಯರು. ಒಬ್ಬ ಮುಸಲ್ಮಾನ ಶಿಷ್ಯ, ಜಂಗಮ ಜಾತಿ ಕಟ್ಟುಪಾಡುಗಳನ್ನು ಧಿಕ್ಕರಿಸಿದ ಒಬ್ಬ ಗುರು. ನಮ್ಮ ಸೀಮೆಯ ಪದ ಪರಂಪರೆ ಬೆಳೆದದ್ದು ಇಂಥ ನಂಟಿನಿಂದ. ಅಂಕಿತ ಕತ್ತರಿಸಿ 'ಜಾನಪದ' ಎಂದು ಬರೆದ ಕೂಡಲೇ ಜಲಾಲ ಸಾಹೇಬರಂಥವರು ಇಲ್ಲವಾಗುತ್ತಾರೆ. ಪದ ಮಾತ್ರ 'ಭಕ್ತಿ'ಯ ಕಪಾಟಿಗೆ ಹೋಗಿ ಕೂರುತ್ತದೆ. ಆಮೇಲೆ ಸೌಹಾರ್ದದ ಭಾಷಣಕ್ಕೆ ಮುಸ್ಲಿಂ ಹೆಸರೊಂದು ಬೇಕಾದಾಗ ಎಲ್ಲರೂ ಶರೀಫರನ್ನೇ ಕರೆತರುತ್ತಾರೆ. ಒಬ್ಬರು ಸಿಕ್ಕರೆ ಸಾಕು, ಹತ್ತು ಜನ ಯಾಕೆ ಎಂಬಂತೆ! ರಹಮತ್ ತರೀಕೆರೆಯವರು ಸೂಫಿಗಳ ಬಗ್ಗೆ, ಮೊಹರಂ ಬಗ್ಗೆ ಊರೂರು ತಿರುಗಿ ಬರೆದಿರದಿದ್ದರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಉಳಿದವರ ಹೆಸರೂ ಗೊತ್ತಾಗುತ್ತಿರಲಿಲ್ಲ. ಬೆಂಗಳೂರಿನ ಕನಕದಾಸ ಅಧ್ಯಯನ ಕೇಂದ್ರ ತತ್ವಪದಗಳ ಸಂಪುಟಗಳನ್ನು ತಂದಿತು. ಅಲ್ಲಿ ಅಂಕಿತ ಇದೆ, ದನಿ ಇಲ್ಲ. ಚಾಚಾನ ಹಗ್ಗದ ಮೇಲೆ ದನಿ ಇತ್ತು, ಅಂಕಿತ ಇರಲಿಲ್ಲ.

ಅಮೆರಿಕದ ವಿದ್ವಾಂಸ ಪೀಟರ್ ಮ್ಯಾನ್ಯುಯೆಲ್ 1993ರಲ್ಲಿ 'ಕ್ಯಾಸೆಟ್ ಕಲ್ಚರ್' ಎಂಬ ಪುಸ್ತಕ ಬರೆದರು. ಎಚ್‌ಎಂವಿಯಂಥ ಒಂದೇ ದೊಡ್ಡ ಕಂಪನಿಯ ಕೈಯಲ್ಲಿದ್ದ ಭಾರತದ ಹಾಡಿನ ಉದ್ಯಮವನ್ನು ಅಗ್ಗದ ಕ್ಯಾಸೆಟ್ ಒಡೆಯಿತು, ಪ್ರಾದೇಶಿಕ ಸಂಗೀತಕ್ಕೆ ದಾರಿಯಾಯಿತು ಎಂಬುದು ಅವರ ವಾದದ ಒಂದು ಮುಖ್ಯ ಎಳೆ. ನಿಜ. ಆ ಯುಗ ಬಾರದಿದ್ದರೆ ರಿವಾಯತ್ ಪದಕ್ಕೆ ಸ್ಟುಡಿಯೋ ಬಾಗಿಲು ಯಾರು ತೆರೆಯುತ್ತಿದ್ದರು? ಆದರೆ ದನಿಗೆ ಸಿಕ್ಕ ದಾರಿ ಹೆಸರಿಗೆ ಸಿಗಲಿಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿಯಾಗಿ ಗೀತರಚನೆಕಾರರಿಗೂ ಸಂಗೀತಗಾರರಿಗೂ ರಾಯಧನದ ಹಕ್ಕು ಗಟ್ಟಿಯಾಯಿತು. ತೀರಿಕೊಂಡು ನೂರಾರು ವರ್ಷವಾದ ತತ್ವಪದಕಾರರಿಗೆ ಅದು ತಟ್ಟುವುದಿಲ್ಲ, ಸರಿ. ಅವರಿಗೆ ದುಡ್ಡು ಕೊಡಿ ಎಂದು ಯಾರೂ ಕೇಳಿರಲೂ ಇಲ್ಲ. ಕವರಿನ ಮೇಲೆ ಒಂದು ಹೆಸರು ಹಾಕಲು ಎಷ್ಟು ಮಸಿ ಬೇಕಿತ್ತು?

ಚಾಚಾನ ಕಪಾಟುಗಳಿಗೆ ಮಾತ್ರ ಈ ದೋಷ ತಟ್ಟಿರಲಿಲ್ಲ. ಅವರು ಕ್ಯಾಸೆಟ್ಟುಗಳನ್ನು ಧರ್ಮದಂತೆಯೂ ಭಾಷೆಯಂತೆಯೂ ಜೋಡಿಸಿರಲಿಲ್ಲ. ಯಾವ ಗಿರಾಕಿ ಯಾವುದರ ಜೊತೆ ಯಾವುದನ್ನು ಕೇಳುತ್ತಾನೆ ಎಂಬ ಲೆಕ್ಕದಲ್ಲಿ ಇಟ್ಟಿದ್ದರು. ಕವಾಲಿಯ ಪಕ್ಕದಲ್ಲಿ ತತ್ವಪದ. 'ಚಢ್ತಾ ಸೂರಜ್' ಏರಿದ ಸೂರ್ಯ ಇಳಿಯುತ್ತಾನೆ ಎಂದು ಹೇಳುವ ಕವಾಲಿ. ಸೋರುವ ಮಾಳಿಗೆಯ ಪದ ಕೇಳಲು ಬಂದ ಮುತ್ಯಾ ಅದನ್ನೂ ಕೇಳಿ, ಉರ್ದು ಪೂರ್ತಿ ತಿಳಿಯದಿದ್ದರೂ ತಲೆದೂಗಿ, "ಇದನ್ನೂ ಅದೇ ರೀಲಿನಾಗ ತುಂಬಿ ಕೊಡೋ ಮಾರಾಯಾ" ಎನ್ನುತ್ತಿದ್ದ. ಆಗ ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡು ತುಂಬಿ ಕೊಡುವುದೇ ದೊಡ್ಡ ದಂಧೆ. ಕಾನೂನಿನ ಪ್ರಕಾರ ಅದು ಕಳ್ಳತನ. ಆದರೆ ಗಿರಾಕಿಗಳು ಚೀಟಿಯಲ್ಲಿ ಬರೆದು ತಂದ ಹಾಡುಗಳ ಸರದಿಯಲ್ಲಿ ಎಷ್ಟು ವಿಮರ್ಶೆ ಇತ್ತೆಂದರೆ, ಯಾವ ಹಾಡಿನ ನಂತರ ಯಾವುದು ಬರಬೇಕೆಂದು ನಾನು ಕಲಿತದ್ದು ಆ ಚೀಟಿಗಳಿಂದ.

ಆ ಹಗ್ಗದ ಬಗ್ಗೆಯೂ ನನ್ನದೊಂದು ದೂರಿದೆ. ಸಿನಿಮಾ ಬಿಟ್ಟರೆ ಅಲ್ಲಿ ಹೆಣ್ಣಿನ ದನಿಯೇ ಅಪರೂಪ. ರಿಚರ್ಡ್ ಈಟನ್ 1978ರ ತಮ್ಮ ಬಿಜಾಪುರದ ಸೂಫಿಗಳ ಪುಸ್ತಕದಲ್ಲಿ ಚಕ್ಕಿನಾಮಾಗಳ ಬಗ್ಗೆ ಬರೆದಿದ್ದಾರೆ. ಹೆಂಗಸರು ಬೀಸುವ ಕಲ್ಲಿನ ಮುಂದೆ ಕೂತು ದಖನಿಯಲ್ಲಿ ಹಾಡುತ್ತಿದ್ದ ಸೂಫಿ ಪದಗಳು ಅವು. ಕಲ್ಲಿನ ಹಿಡಿಕೆ, ಅಚ್ಚು, ಹಿಟ್ಟು ಎಲ್ಲವೂ ಅಲ್ಲಿ ಅಲ್ಲಾಹನ ಮಾತಿಗೆ ದಾರಿಯಾಗುತ್ತವೆ. ಪಕ್ಕದ ಮನೆಯಲ್ಲಿ ಕನ್ನಡದ ಬೀಸುವ ಪದ, ಅದೇ ಕಲ್ಲಿನ ಲಯ. ಹಿಟ್ಟಿನ ಗಿರಣಿ ಬಂದು ಎರಡನ್ನೂ ಒಟ್ಟಿಗೇ ನಿಲ್ಲಿಸಿತು. ಅವು ಮೂಕವಾದ ಹೊತ್ತಿನಲ್ಲೇ ಕ್ಯಾಸೆಟ್ ಬಂತು. ಅವನ್ನು ತುಂಬಿಕೊಳ್ಳಬೇಕೆಂದು ನಮ್ಮ ಕಡೆಯ ಯಾವ ಅಂಗಡಿಯವರಿಗೂ ಹೊಳೆಯಲಿಲ್ಲ. ಹೆಂಗಸರು ಅಂಗಡಿಗೆ ಬರುತ್ತಿರಲಿಲ್ಲ. ಮಕ್ಕಳ ಕೈಯಲ್ಲಿ ಚೀಟಿ ಕಳಿಸುತ್ತಿದ್ದರು. ಅಂಗಡಿಗೆ ಬಾರದವರ ಹಾಡು ಅಂಗಡಿಗೆ ಬರಲಿಲ್ಲ.

ಆಮೇಲೆ ಸಿಡಿ ಬಂತು, ಮೆಮೊರಿ ಕಾರ್ಡ್ ಬಂತು. ಸಾವಿರ ಹಾಡನ್ನು ಉಗುರಿನಷ್ಟು ಚಿಪ್ಪಿನಲ್ಲಿ ತುಂಬಿ ಕೊಡುವ ಅಂಗಡಿಗಳು ಯಾದಗಿರಿಯಿಂದ ಸುರಪುರದವರೆಗೆ ಹುಟ್ಟಿ, ಅವೂ ಹೋದವು. 2010ರಲ್ಲಿ ಯಾದಗಿರಿ ಜಿಲ್ಲೆಯಾಗುವ ಹೊತ್ತಿಗೆ ಚಾಚಾನ ಅಂಗಡಿ ರೀಚಾರ್ಜ್ ಅಂಗಡಿಯಾಗಿತ್ತು. ಈಗ ಅವರ ಮಗ ಮೊಬೈಲ್ ಕವರು ಮಾರುತ್ತಾರೆ. ಹಗ್ಗ ಹಾಗೇ ಇದೆ, ಕ್ಲಿಪ್ಪುಗಳಲ್ಲಿ ಚಾರ್ಜರುಗಳು ತೂಗುತ್ತಿವೆ. ಒಳ್ಳೆಯ ಮಾತೊಂದು ಹೇಳಬೇಕು: ಇವತ್ತು ಹಳ್ಳಿಯ ಹುಡುಗರು ಭಜನೆಯ ಇಡೀ ರಾತ್ರಿಯನ್ನು ಮೊಬೈಲಿನಲ್ಲಿ ಚಿತ್ರಿಸಿ ಯೂಟ್ಯೂಬಿಗೆ ಏರಿಸುತ್ತಾರೆ. ಅದಕ್ಕೆ ಮೂವತ್ತು ನಿಮಿಷದ ಮಿತಿ ಇಲ್ಲ. ಕೊನೆಯ ನುಡಿ ಅದರಲ್ಲಿ ಇರುತ್ತದೆ, ತಕರಾರೂ ಇರುತ್ತದೆ, ನಡುವೆ ಚಹಾ ಹಂಚುವುದೂ ಇರುತ್ತದೆ. ಮೇಲೆ ಶೀರ್ಷಿಕೆ ಮಾತ್ರ ಈಗಲೂ 'ಸೂಪರ್ ಹಿಟ್ ಜಾನಪದ ಭಜನೆ'.

ಆ ಕ್ಯಾಸೆಟ್ಟಿನಲ್ಲಿ ತುಂಡಾದ ಪದದ ಕೊನೆಯ ನುಡಿ ಹುಡುಕಿಕೊಂಡು ಹೋದ ವರ್ಷ ನಾನು ಶಹಾಪುರ ತಾಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಎಂಬತ್ತು ದಾಟಿದ ಹಾಡುಗಾರರು ಕಟ್ಟೆಯ ಮೇಲೆ ಕೂತಿದ್ದರು. ನಾನು ಮೊದಲ ನುಡಿ ಅಂದೆ, ಅವರು ನಕ್ಕರು. "ಕೊನಿ ನುಡಿ ಯಾವ್ದು ಬೇಕಪಾ ನಿನಗ? ನಮ್ಮೂರಾಗ ಹಾಡೋದು ಗುರುವಿನ ಅಂಕಿತದ್ದು. ಹೊಳಿ ಆಚಿ ಮಂದಿ ಶಿಷ್ಯಂದು ಹಾಡ್ತಾರ. ನಮ್ದೇ ಖರೆ ಅಂತ ಅವ್ರೂ ಅಂತಾರ, ನಾವೂ ಅಂತೀವಿ." ಮೊಬೈಲ್ ಅವರ ಮುಂದಿಟ್ಟೆ. ಅವರು ಗಂಟಲು ಸರಿಮಾಡಿಕೊಂಡು ಮೊದಲು ತಮ್ಮೂರಿನದನ್ನು ಹಾಡಿದರು, ಆಮೇಲೆ ಹೊಳೆಯಾಚೆಯದನ್ನು.