ಲಗ್ನದ ವಿಡಿಯೊದೊಳಗಿನ ಅಂಕಿತ

ಕಳೆದ ಮೇ ತಿಂಗಳು, ಲಗ್ನದ ಸುಗ್ಗಿ. ತಿಕೋಟಾದಲ್ಲಿ ನಮ್ಮ ಕಾಕಾನ ಮಗ ಲಗ್ನ, ಕುಬಸ, ಜಾತ್ರೆಗಳ ವಿಡಿಯೊ ಮಾಡಿಕೊಡುವ ಸಣ್ಣ ಅಂಗಡಿ ಇಟ್ಟಿದ್ದಾನೆ. ನಾನು ವಿಜಯಪುರದಿಂದ ಊರಿಗೆ ಹೋದ ದಿನ ಅಲ್ಲಿ ಮೂರು ಮನೆಯವರ ಕೆಲಸ ನಿಂತುಹೋಗಿತ್ತು. ಕ್ಯಾಮೆರಾದ ದೊಡ್ಡ ಫೈಲುಗಳನ್ನು ಪೆನ್‌ಡ್ರೈವ್‌ಗೆ, ಮೊಬೈಲಿಗೆ ಹೊಂದುವಂತೆ ಸಣ್ಣದು ಮಾಡುವ ತಂತ್ರಾಂಶವೊಂದನ್ನು ಅಣ್ಣ 3,500 ರೂಪಾಯಿ ಕೊಟ್ಟು ಕೊಂಡಿದ್ದ. ಹಾರ್ಡ್‌ಡಿಸ್ಕ್ ಬದಲಿಸಿದ ಮೇಲೆ ಅದು ಮತ್ತೆ ನೋಂದಣಿ ಕೇಳಿತು. ಹಳೆಯ ಕೀ ಒಪ್ಪಲಿಲ್ಲ. ಕಂಪನಿಗೆ ಬರೆದ ಪತ್ರಗಳಿಗೆ ಉತ್ತರವಿಲ್ಲ.

“ರೊಕ್ಕಾ ಕೊಟ್ಟು ತಗೊಂಡೀನಿ ತಂಗಿ, ಕದ್ದಿಲ್ಲ. ಆದ್ರೂ ನನ್ನನ್ನ ಕಳ್ಳನಂಗ ಕೇಳತೈತಿ” ಎಂದ.

ನಾನು ತಂತ್ರಜ್ಞೆಯಲ್ಲ. ವಚನಗಳ ಸಂಪಾದನೆ ಮತ್ತು ಕರ್ತೃತ್ವದ ಬಗ್ಗೆ ಪಿಎಚ್.ಡಿ. ಮಾಡುತ್ತಿರುವವಳು. ಹಸ್ತಪ್ರತಿ ಎದುರಿಗೆ ಬಂದಾಗ ಮೊದಲು ಅಂಕಿತ ಹುಡುಕುವುದು ನನ್ನ ರೂಢಿ. ಆ ತಂತ್ರಾಂಶ ಹಿಂದೆ ತಯಾರಿಸಿಕೊಟ್ಟ ಲಗ್ನದ ವಿಡಿಯೊವೊಂದನ್ನು ಮೀಡಿಯಾಇನ್ಫೋ ಎಂಬ ಉಚಿತ ಉಪಕರಣದಲ್ಲಿ ತೆರೆದೆ. ಫೈಲು ಬರೆದವರ ಜಾಗದಲ್ಲಿ ಕಂಪನಿಯ ಹೆಸರಿರಲಿಲ್ಲ. ‘ಲಾವ್‌ಎಫ್’ ಎಂದಿತ್ತು, ಅದರ ಕೆಳಗೆ ‘ಎಕ್ಸ್264’. ಫೈಲಿನ ಆರಂಭವನ್ನು ಹೆಕ್ಸ್ ಎಡಿಟರ್‌ನಲ್ಲಿ ನೋಡಿದರೆ, ಅರ್ಥವಾಗದ ಅಕ್ಷರಗಳ ನಡುವೆ ಒಂದು ಓದಬಲ್ಲ ಸಾಲಿತ್ತು: ಎಕ್ಸ್264ರ ಹೆಸರು, ‘ಕಾಪಿಲೆಫ್ಟ್’ ಎಂಬ ಪದ, 2003ರಿಂದ ಶುರುವಾಗುವ ಇಸವಿಗಳು, ವಿಡಿಯೊಲ್ಯಾನ್ ತಾಣದ ವಿಳಾಸ.

ವಧೂವರರ ಮುಖಕ್ಕಿಂತ ಮೊದಲೇ ಫೈಲಿನಲ್ಲಿ ಒಂದು ಅಂಕಿತ ಕೂತಿತ್ತು.

ಲಾವ್‌ಎಫ್ ಎಂಬುದು ಎಫ್‌ಎಫ್‌ಎಂಪೆಗ್ ಯೋಜನೆಯ ಒಂದು ಭಾಗ. ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ 2000ದಲ್ಲಿ ಆರಂಭಿಸಿದ ಈ ಕೆಲಸವನ್ನು ಅನೇಕ ದೇಶಗಳ ಜನ ಮುಂದುವರಿಸಿದ್ದಾರೆ. ಇಂದು ವಿಡಿಯೊ ತೆರೆಯುವ, ಕತ್ತರಿಸುವ, ಸಣ್ಣದು ಮಾಡುವ ಬಹಳಷ್ಟು ತಂತ್ರಾಂಶಗಳ ಹೊಟ್ಟೆಯಲ್ಲಿ ಇದೇ ಇದೆ. ಎಫ್‌ಎಫ್‌ಎಂಪೆಗ್‌ನ ಬಹುಭಾಗಕ್ಕೆ ಎಲ್‌ಜಿಪಿಎಲ್ ಪರವಾನಗಿ, ಎಕ್ಸ್264ಕ್ಕೆ ಜಿಪಿಎಲ್. ಎರಡೂ ‘ಬಳಸಿ, ತಿದ್ದಿ, ಹಂಚಿ, ಬೇಕಿದ್ದರೆ ಮಾರಿ’ ಎನ್ನುತ್ತವೆ. ಆದರೆ ಹಂಚುವವರು ಮೂಲ ಹಕ್ಕುದಾರರ ಸೂಚನೆ ಉಳಿಸಬೇಕು, ಪರವಾನಗಿಯ ಪ್ರತಿ ಜೊತೆಗಿಡಬೇಕು, ಪಡೆದವರಿಗೆ ಮೂಲಸಂಕೇತ ದೊರಕುವಂತೆ ಮಾಡಬೇಕು. ಜಿಪಿಎಲ್ ಭಾಗವನ್ನು ತನ್ನ ತಂತ್ರಾಂಶಕ್ಕೆ ಬೆಸೆದವರು ಆ ಇಡೀ ತಂತ್ರಾಂಶವನ್ನು ಅದೇ ಷರತ್ತಿನಲ್ಲಿ ಕೊಡಬೇಕು.

ಇಲ್ಲಿ ಅವಸರದ ತೀರ್ಪು ಸಲ್ಲದು. ಫೈಲಿನಲ್ಲಿ ಹೆಸರು ಸಿಕ್ಕಿತೆಂದ ಮಾತ್ರಕ್ಕೆ ಉಲ್ಲಂಘನೆ ಸಾಬೀತಾಗುವುದಿಲ್ಲ. ಎಕ್ಸ್264ಕ್ಕೆ ಹಣ ಕೊಟ್ಟು ಪಡೆಯುವ ವಾಣಿಜ್ಯ ಪರವಾನಗಿಯೂ ಉಂಟು, ಆ ಕಂಪನಿ ಅದನ್ನು ಪಡೆದಿರಬಹುದು. ಎಫ್‌ಎಫ್‌ಎಂಪೆಗ್‌ಗೆ ಅಂಥ ಒಳದಾರಿ ಇಲ್ಲ. ಅದನ್ನು ಬಳಸಿದವರು ಕನಿಷ್ಠ ಎಲ್‌ಜಿಪಿಎಲ್ ಷರತ್ತುಗಳನ್ನಾದರೂ ಪಾಲಿಸಲೇಬೇಕು. ಅಣ್ಣನ ತಂತ್ರಾಂಶದ ‘ಕುರಿತು’ ಪುಟ, ಸಹಾಯದ ಕಡತ, ಕರಾರು ಪತ್ರ ಎಲ್ಲವನ್ನೂ ಓದಿದೆ. ಎಫ್‌ಎಫ್‌ಎಂಪೆಗ್ ಎಂಬ ಪದ ಎಲ್ಲಿಯೂ ಇಲ್ಲ. ಲೈಬ್ರರಿ ಫೈಲುಗಳ ಹೆಸರನ್ನೂ ಬದಲಿಸಿದ್ದರು. ‘ಗುರುತು ಸಿಗದಂತೆ ಫೈಲುಗಳ ಹೆಸರು ಬದಲಿಸಬೇಡಿ’ ಎಂದು ಎಫ್‌ಎಫ್‌ಎಂಪೆಗ್‌ನವರು ತಮ್ಮ ಪಾಲನಾ ಪಟ್ಟಿಯಲ್ಲಿ ಬಿಡಿಸಿ ಹೇಳಿದ್ದಾರೆ. ಹೊರಗಿನ ಹೆಸರು ಅಳಿಸಿದವರಿಗೆ ಒಳಗಿನ ಅಂಕಿತ ನೆನಪಾಗಿರಲಿಲ್ಲ.

ಸಾಹಿತ್ಯದ ಪತ್ರಿಕೆಯಲ್ಲಿ ಇದೆಲ್ಲ ಯಾಕೆ ಎನ್ನುವವರಿಗೆ ಒಂದು ಮಾತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ವ್ಯಾಖ್ಯೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ‘ಸಾಹಿತ್ಯ ಕೃತಿ’ಯೇ. ಕಾನೂನಿನ ಕಣ್ಣಲ್ಲಿ ಎಕ್ಸ್264 ಮತ್ತು ಒಂದು ಕಾದಂಬರಿ ಒಂದೇ ಮನೆಯವು. ಹಾಗಾಗಿ ಈ ಎರಡು ಬರಹಗಳನ್ನು, ಅಂದರೆ ಎಲ್‌ಜಿಪಿಎಲ್ ಮತ್ತು ಆ ಕಂಪನಿಯ ಕರಾರನ್ನು, ಅಕ್ಕಪಕ್ಕ ಇಟ್ಟು ಓದುವ ಅಧಿಕಾರ ಸಾಹಿತ್ಯದ ವಿದ್ಯಾರ್ಥಿಗೂ ಇದೆ ಎಂದುಕೊಂಡೆ.

ಕಂಪನಿಯ ಕರಾರಿನಲ್ಲಿ ಕ್ರಿಯಾಪದಗಳೆಲ್ಲ ನಿಷೇಧಾರ್ಥಕ: ನಕಲು ಮಾಡಕೂಡದು, ಬಿಚ್ಚಿ ನೋಡಕೂಡದು, ಬೇರೆಯವರಿಗೆ ಕೊಡಕೂಡದು. ಅದರ ‘ನೀವು’ ಒಬ್ಬ ಶಂಕಿತ. 1999ರ ಎಲ್‌ಜಿಪಿಎಲ್ 2.1 ಆವೃತ್ತಿಯಲ್ಲಿ ಒಂದೇ ‘ನೀವು’ ಎರಡು ಪಾತ್ರ ಮಾಡುತ್ತದೆ. ಪಡೆಯುವಾಗ ಹಕ್ಕುಳ್ಳವರು, ಮುಂದೆ ಹಂಚುವಾಗ ಅದೇ ಹಕ್ಕನ್ನು ಇನ್ನೊಬ್ಬರಿಗೆ ಒಪ್ಪಿಸಬೇಕಾದವರು. ಅದರ ಆರನೆಯ ಕಲಮು, ಗ್ರಾಹಕ ತನ್ನ ಬಳಕೆಗಾಗಿ ತಿದ್ದಿಕೊಳ್ಳಲು, ಆ ತಿದ್ದುಪಡಿಯ ದೋಷ ಹುಡುಕಲು ಬಿಚ್ಚಿ ನೋಡಲು ಅವಕಾಶವಿರಲೇಬೇಕು ಎನ್ನುತ್ತದೆ. ಕಂಪನಿ ನಿಷೇಧಿಸಿದ್ದು ಇದನ್ನೇ. ತನಗೆ ಸಿಕ್ಕ ಅನುಮತಿಯನ್ನು ಮುಂದಿನವನಿಗೆ ಬಾಗಿಲು ಹಾಕಿ ಮಾರಿತ್ತು.

ತಿದ್ದುವುದರ ಬಗ್ಗೆ ಜಿಪಿಎಲ್‌ನ ನಿಲುವು ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿತು. 1991ರ ಎರಡನೆಯ ಆವೃತ್ತಿ ಬದಲಾವಣೆಗೆ ಅಡ್ಡಿ ಮಾಡುವುದಿಲ್ಲ. ಬದಲಿಸಿದ ಫೈಲಿನಲ್ಲಿ ‘ನಾನು ಇಂಥ ದಿನ ಬದಲಿಸಿದೆ’ ಎಂದು ಎದ್ದು ಕಾಣುವಂತೆ ಬರೆಯಬೇಕು ಎನ್ನುತ್ತದೆ. ವಚನಗಳ ಅಧ್ಯಯನದಲ್ಲಿ ಇದು ಬಲ್ಲ ಪ್ರಶ್ನೆ. ಅಂಕಿತ ಬಹುಮಟ್ಟಿಗೆ ವಚನಕಾರರ ಹೆಸರಲ್ಲ, ಅವರ ಇಷ್ಟದೈವದ ಹೆಸರು. ಆದರೂ ಅದರಿಂದಲೇ ನಾವು ಕರ್ತೃವನ್ನು ಗುರುತಿಸುತ್ತೇವೆ. ವಿಜಯಪುರದಲ್ಲಿ ಕೂತು ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಊರೂರಿಂದ ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ ತಂದಾಗ ಅವರಿಗಿದ್ದ ದೊಡ್ಡ ಆಸರೆ ಈ ಅಂಕಿತಗಳೇ. ಹನ್ನೆರಡನೆಯ ಶತಮಾನದ ವಚನಗಳಿಗೆ ಕೃತಿಸ್ವಾಮ್ಯವಿಲ್ಲ, ಯಾರೂ ಅಚ್ಚು ಹಾಕಬಹುದು. ಆದರೂ ಅಂಕಿತ ಬದಲಾದಾಗ ನಾಡು ಸುಮ್ಮನಿರಲಿಲ್ಲ. ‘ಕೂಡಲಸಂಗಮದೇವ’ ಎಂಬಲ್ಲಿ ‘ಲಿಂಗದೇವ’ ಎಂದಿಟ್ಟ ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಯನ್ನು 1998ರಲ್ಲಿ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಸುಪ್ರೀಂ ಕೋರ್ಟ್ 2017ರಲ್ಲಿ ಅದನ್ನು ಎತ್ತಿಹಿಡಿಯಿತು. ಆ ಪ್ರಕರಣ ನಿಂತಿದ್ದು ಭಕ್ತರ ಭಾವನೆಯ ಮೇಲೆ. ಜಿಪಿಎಲ್‌ನ ದಾರಿ ಬೇರೆ: ಅದು ಭಾವನೆ ಕೇಳುವುದಿಲ್ಲ, ಮುಟ್ಟುಗೋಲೂ ಕೇಳುವುದಿಲ್ಲ. ಬದಲಿಸಿದವರು ಬದಲಿಸಿದ್ದನ್ನು ಹೇಳಲಿ, ಓದುವವರ ಕೈಗೆ ಮೂಲವೂ ಸಿಗಲಿ ಎನ್ನುತ್ತದೆ. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ತೋರಿಸುವ ಸಂಪಾದಕನ ಶಿಸ್ತಿಗೆ ಇದು ಹೆಚ್ಚು ಹತ್ತಿರ.

ಈ ಷರತ್ತು ಮುರಿದವರು ಸಣ್ಣವರಷ್ಟೇ ಅಲ್ಲ. ಮನೆಯ ಟಿವಿಯನ್ನು ಬೇರೆಡೆ ಕೂತು ನೋಡಿಸುವ ಪೆಟ್ಟಿಗೆ ಮಾಡುತ್ತಿದ್ದ ಮಾನ್ಸೂನ್ ಮಲ್ಟಿಮೀಡಿಯಾ ಮೇಲೆ ಬಿಸಿಬಾಕ್ಸ್ ತಂತ್ರಾಂಶದ ಕರ್ತೃಗಳು 2007ರಲ್ಲಿ ಅಮೆರಿಕದಲ್ಲಿ ದಾವೆ ಹೂಡಿದರು. ಕೆಲವೇ ವಾರಗಳಲ್ಲಿ ರಾಜಿಯಾಯಿತು. 2021ರ ಡಿಸೆಂಬರಿನಲ್ಲಿ ಟಿಕ್‌ಟಾಕ್‌ನ ಲೈವ್ ಸ್ಟುಡಿಯೊ ಒಳಗೆ ಒಬಿಎಸ್ ಎಂಬ ಜಿಪಿಎಲ್ ತಂತ್ರಾಂಶದ ಸಂಕೇತ ಪತ್ತೆಯಾಯಿತು. ಅದೇ ವರ್ಷ ಸಾಫ್ಟ್‌ವೇರ್ ಫ್ರೀಡಮ್ ಕನ್ಸರ್ವೆನ್ಸಿ, ಸ್ಮಾರ್ಟ್ ಟಿವಿ ತಯಾರಿಸುವ ವಿಜಿಯೊ ಮೇಲೆ ಮೊಕದ್ದಮೆ ಹಾಕಿತು.

ಇವುಗಳಲ್ಲಿ ಕೊನೆಯದು ನನಗೆ ಮುಖ್ಯವಾಗಿ ಕಾಣುತ್ತದೆ. ಅಲ್ಲಿ ದೂರು ಕೊಟ್ಟವರು ಬರೆದವರಾಗಿ ಬಂದಿಲ್ಲ, ಟಿವಿ ಕೊಂಡವರಾಗಿ ಬಂದಿದ್ದಾರೆ: ‘ಮೂಲಸಂಕೇತ ಪಡೆಯುವುದು ನಮ್ಮ ಹಕ್ಕು.’ ಅಣ್ಣನ ಅಂಗಡಿಯಿಂದ ನೋಡಿದಾಗ ಈ ವಾದದ ತೂಕ ತಿಳಿಯುತ್ತದೆ. ಉಲ್ಲಂಘನೆಯನ್ನು ನಾವು ಸಾಮಾನ್ಯವಾಗಿ ‘ಕಳವು’ ಎನ್ನುತ್ತೇವೆ. ಆ ಪದ ಸಾಲದು. ಎಫ್‌ಎಫ್‌ಎಂಪೆಗ್‌ನವರ ಬಳಿ ಎಫ್‌ಎಫ್‌ಎಂಪೆಗ್ ಇದ್ದೇ ಇದೆ. ಮಾರಿದ್ದೂ ತಪ್ಪಲ್ಲ, ಪರವಾನಗಿಯೇ ಮಾರಲು ಬಿಟ್ಟಿದೆ. ಕಳೆದುಕೊಂಡವನು ಅಣ್ಣ. ಎಫ್‌ಎಫ್‌ಎಂಪೆಗ್‌ನ ಹೆಸರು ಹೇಳಿದ್ದರೆ, ಅದೇ ಕೆಲಸ ಮಾಡುವ ಮುಕ್ತ ತಂತ್ರಾಂಶ ಇದೆಯೆಂದು ಅವನಿಗೆ ಮೊದಲೇ ತಿಳಿಯುತ್ತಿತ್ತು. ಜಿಪಿಎಲ್ ಅನ್ವಯಿಸಿ ಇಡೀ ಮೂಲಸಂಕೇತ ಕೊಟ್ಟಿದ್ದರೆ, ನೋಂದಣಿಯ ಬೀಗವನ್ನು ತಾಲ್ಲೂಕಿನ ಯಾವ ಎಂಜಿನಿಯರಿಂಗ್ ಹುಡುಗನೂ ತೆಗೆದುಕೊಡಬಹುದಿತ್ತು. ಮೂರು ಮನೆಯವರ ಮುಂದೆ ಅವನು ಮಾತಿಗೆ ತಪ್ಪಿದವನಾಗುತ್ತಿರಲಿಲ್ಲ.

ಮುಕ್ತ ತಂತ್ರಾಂಶದವರ ಬಗ್ಗೆಯೂ ನನಗೆ ತಕರಾರಿದೆ. ಎಫ್‌ಎಫ್‌ಎಂಪೆಗ್‌ನವರು ಒಂದು ಕಾಲಕ್ಕೆ ಉಲ್ಲಂಘಿಸಿದವರ ಹೆಸರುಗಳನ್ನು ‘ನಾಚಿಕೆಯ ಪಟ್ಟಿ’ಯೆಂದೇ ಪ್ರಕಟಿಸುತ್ತಿದ್ದರು. ಕೋರ್ಟಿಗೆ ಹೋಗಲು ಹಣವಿಲ್ಲದವರ ಆಯುಧ ಅದು, ಅರ್ಥವಾಗುತ್ತದೆ. ಆದರೆ ನಾಚಿಕೆ ಕೆಲಸ ಮಾಡಬೇಕಾದರೆ ಕೊಳ್ಳುವವರು ಆ ಪಟ್ಟಿ ಓದಬೇಕು. ಕೊಳ್ಳುವವರಿಗೆ ಪರವಾನಗಿಯ ಭಾಷೆಯೇ ತಲುಪಿಲ್ಲ. ಕಾನೂನಿನ ಬಲ ಇಂಗ್ಲಿಷ್ ಪಠ್ಯಕ್ಕೆ ಮಾತ್ರ, ಅನುವಾದಗಳೆಲ್ಲ ಅನಧಿಕೃತ ಎಂಬುದು ಜಿಪಿಎಲ್ ಬರೆದ ಸಂಸ್ಥೆಯ ನಿಲುವು. ತಪ್ಪು ಅನುವಾದದಿಂದ ಹಕ್ಕು ಸೋರಿಹೋಗಬಾರದೆಂಬ ಅವರ ಭಯಕ್ಕೆ ಕಾರಣವಿದೆ. ಆದರೆ ಹಕ್ಕುಗಳನ್ನು ಕೊಡುವ ಪತ್ರ ಹಕ್ಕುದಾರನಿಗೆ ಓದಲು ಬಾರದಿದ್ದರೆ, ಮುರಿದವರಿಗೆ ಅದೇ ಅನುಕೂಲ. ಅನಧಿಕೃತವಾದರೂ ಸರಿ, ಸರಳ ಕನ್ನಡದ ಪಾಠವೊಂದು ಅಂಗಡಿಗಳಿಗೆ ಮುಟ್ಟಬೇಕು.

ಇದನ್ನೆಲ್ಲ ಅಣ್ಣನಿಗೆ ವಿವರಿಸಲು ತುಸು ಹೊತ್ತು ಹಿಡಿಯಿತು. ನಮ್ಮ ತಿಕೋಟಾದ್ದು ದ್ರಾಕ್ಷಿಯ ಸೀಮೆ. ಇಲ್ಲಿ ಶೆಡ್ಡಿನಲ್ಲಿ ಒಣಗಿದ ಎಷ್ಟೋ ಮಣೂಕ ತಾಸಗಾಂವ, ಸಾಂಗಲಿಯ ಪೇಟೆಗೆ ಹೋಗುತ್ತದೆ. ಅವನೇ ಹೋಲಿಕೆ ಕೊಟ್ಟ: “ಅಂದ್ರ, ನಮ್ಮ ಮಣೂಕ ಸಾಂಗಲಿ ಡಬ್ಬ್ಯಾಗ ಹೋದಂಗ.”

ಅರ್ಧ ಸರಿ ಎಂದೆ. ಹೆಸರು ಹೋಗುವುದರಲ್ಲಿ ಎರಡೂ ಒಂದೇ. ಆದರೆ ಮಣೂಕದ ರೈತ ರೊಕ್ಕ ಎಣಿಸಿಕೊಂಡು ಬರುತ್ತಾನೆ. ಇವರು ರೊಕ್ಕ ಕೇಳಿರಲಿಲ್ಲ, ನಾವು ಕೊಟ್ಟದ್ದನ್ನು ಮುಚ್ಚಿಡಬೇಡಿ ಎಂದಷ್ಟೇ ಕೇಳಿದ್ದರು.

ಅಂದು ಸಂಜೆ ಹ್ಯಾಂಡ್‌ಬ್ರೇಕ್ ಎಂಬ ಜಿಪಿಎಲ್ ತಂತ್ರಾಂಶ ಹಾಕಿಕೊಟ್ಟೆ. ಅದರೊಳಗೂ ಎಫ್‌ಎಫ್‌ಎಂಪೆಗ್, ಎಕ್ಸ್264 ಇವೆ, ಅದನ್ನದು ಹೇಳಿಕೊಳ್ಳುತ್ತದೆ. ರಾತ್ರಿ ಹತ್ತಕ್ಕೆ ಮೊದಲ ಮನೆಯವರ ವಿಡಿಯೊ ಮುಗಿಯಿತು. ಕಂಪನಿಗೆ ನಾನು ಬರೆದ ಪತ್ರಕ್ಕೂ ಇನ್ನೂ ಉತ್ತರ ಬಂದಿಲ್ಲ. ಅದರಲ್ಲಿ ಹಣ ವಾಪಸು ಕೇಳಿಲ್ಲ, ಮೂಲಸಂಕೇತ ಕೇಳಿದ್ದೇನೆ.