ಸೋತ ತಂಡದ ಪ್ರಾರ್ಥನೆ

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಧರ್ಮಕೇಂದ್ರದ ಯುವಜನರು ಸಭಾಂಗಣದಲ್ಲಿ ಒಂದು ಚಲನಚಿತ್ರ ಪ್ರದರ್ಶನವನ್ನು ಏರ್ಪಡಿಸಿದ್ದರು. ಚಿತ್ರದ ಹೆಸರು 'ಫೇಸಿಂಗ್ ದ ಜೈಂಟ್ಸ್'. 2006ರಲ್ಲಿ ಬಿಡುಗಡೆಯಾದ ಈ ಅಮೆರಿಕನ್ ಚಿತ್ರವನ್ನು ನಿಮ್ಮಲ್ಲಿ ಅನೇಕರು ಈಗಾಗಲೇ ನೋಡಿರಬಹುದು. ಧ್ಯಾನಕೂಟಗಳಲ್ಲಿ, ಯುವಜನರ ಶಿಬಿರಗಳಲ್ಲಿ ಇದರ ತುಣುಕುಗಳನ್ನು ತೋರಿಸುವ ಪರಿಪಾಠವೂ ಉಂಟು. ನಾನು ಅಂದು ನನ್ನ ನೆರೆಮನೆಯ ನಿವೃತ್ತ ಗಣಿತ ಅಧ್ಯಾಪಕರೊಬ್ಬರನ್ನು ಜೊತೆಗೆ ಕರೆದೊಯ್ದಿದ್ದೆ. ಅವರು ದೇವರನ್ನು ನಂಬುವವರಲ್ಲ. ಆದರೆ ನಂಬುವವರನ್ನು ಗೇಲಿ ಮಾಡುವವರೂ ಅಲ್ಲ. ಕ್ರೀಡೆಯ ಸಿನಿಮಾ ಎಂದಾಗ ಸಂತೋಷದಿಂದಲೇ ಬಂದರು. ಮನೆಗೆ ಮರಳುವ ದಾರಿಯಲ್ಲಿ ಅವರು ಕೇಳಿದ ಪ್ರಶ್ನೆಗಳೇ ಈ ಬರಹಕ್ಕೆ ಕಾರಣ.

ಮೊದಲು ಚಿತ್ರದ ಬಗ್ಗೆ ನಾಲ್ಕು ಮಾತು. ಜಾರ್ಜಿಯಾ ರಾಜ್ಯದ ಆಲ್ಬನಿ ಎಂಬ ಊರಿನ ಶೆರ್ವುಡ್ ಬ್ಯಾಪ್ಟಿಸ್ಟ್ ಚರ್ಚಿನ ಸದಸ್ಯರೇ ಸೇರಿ ಇದನ್ನು ನಿರ್ಮಿಸಿದರು. ನಟವರ್ಗದಲ್ಲಿ ಹೆಚ್ಚಿನವರು ವೃತ್ತಿನಟರಲ್ಲ, ಸ್ವಯಂಸೇವಕರು. ಸುಮಾರು 1 ಲಕ್ಷ ಡಾಲರ್ ವೆಚ್ಚದಲ್ಲಿ ತಯಾರಾದ ಚಿತ್ರವು ಚಿತ್ರಮಂದಿರಗಳಲ್ಲಿ ಸುಮಾರು 1 ಕೋಟಿ ಡಾಲರ್ ಗಳಿಸಿತು. ನಿರ್ದೇಶಕ ಅಲೆಕ್ಸ್ ಕೆಂಡ್ರಿಕ್ ಅವರೇ ನಾಯಕನ ಪಾತ್ರವನ್ನೂ ವಹಿಸಿದ್ದಾರೆ. ಗ್ರಾಂಟ್ ಟೇಲರ್ ಎಂಬ ಆ ನಾಯಕ ಒಂದು ಕ್ರೈಸ್ತ ಶಾಲೆಯ ಫುಟ್ಬಾಲ್ ತರಬೇತುದಾರ. ಇದು ನಮ್ಮ ಮಕ್ಕಳು ಬಯಲಿನಲ್ಲಿ ಆಡುವ ಕಾಲ್ಚೆಂಡಲ್ಲ. ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಸಾಲನ್ನು ಸೀಳಿಕೊಂಡು ಹೋಗುವ, ಕಬಡ್ಡಿಗೆ ದೂರದ ನೆಂಟನಂತಿರುವ ಅಮೆರಿಕದ ಆಟ. ಆರು ವರ್ಷಗಳಿಂದ ಆತನ ತಂಡಕ್ಕೆ ಹೇಳಿಕೊಳ್ಳುವಂಥ ಗೆಲುವಿಲ್ಲ. ಪೋಷಕರು ಅವನನ್ನು ಕೆಲಸದಿಂದ ತೆಗೆಯುವ ಸಂಚಿನಲ್ಲಿದ್ದಾರೆ. ಕಾರು ಕೆಟ್ಟಿದೆ, ಮನೆಯಲ್ಲಿ ದುರ್ವಾಸನೆ. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಿಲ್ಲ, ಕೊರತೆ ತನ್ನಲ್ಲೇ ಎಂದು ವೈದ್ಯರಿಂದ ತಿಳಿದುಬರುತ್ತದೆ.

ಆಗ ಆತ ಬೈಬಲನ್ನು ಹಿಡಿದು ಮೊಣಕಾಲೂರುತ್ತಾನೆ. ತಂಡಕ್ಕೆ ಹೊಸದೊಂದು ಸಿದ್ಧಾಂತವನ್ನು ಬೋಧಿಸುತ್ತಾನೆ: ಗೆದ್ದರೂ ದೇವರನ್ನು ಸ್ತುತಿಸೋಣ, ಸೋತರೂ ಸ್ತುತಿಸೋಣ. ಅಲ್ಲಿಂದ ಮುಂದೆ ಎಲ್ಲವೂ ಬದಲಾಗುತ್ತದೆ. ತಂಡ ಗೆಲ್ಲತೊಡಗುತ್ತದೆ. ಹಳೆಯ ಕಾರಿನ ಜಾಗಕ್ಕೆ ಹೊಸ ವಾಹನವೊಂದು ಉಡುಗೊರೆಯಾಗಿ ಬರುತ್ತದೆ. ನಿರ್ಣಾಯಕ ಹಂತದ ಒಂದು ಪಂದ್ಯದಲ್ಲಿ ಸೋತರೂ, ಎದುರಾಳಿಗಳು ಅನರ್ಹ ಆಟಗಾರರನ್ನು ಕಣಕ್ಕಿಳಿಸಿದ್ದು ಬಯಲಾಗಿ ಇವರಿಗೇ ಮುಂದಿನ ಸುತ್ತು ದಕ್ಕುತ್ತದೆ. (ದೇವರ ಕೃಪೆ ಇಲ್ಲಿ ನಿಯಮಾವಳಿಯ ಪುಸ್ತಕದ ಮೂಲಕ ಹರಿದು ಬಂದದ್ದನ್ನು ಕಂಡು ನಮ್ಮ ಅಧ್ಯಾಪಕರು ಮುಗುಳ್ನಕ್ಕರು. ನಾನೂ ನಕ್ಕೆ.) ಅಂತಿಮ ಪಂದ್ಯ, ಸಂಖ್ಯೆಯಲ್ಲೂ ಖ್ಯಾತಿಯಲ್ಲೂ ಬಹು ದೊಡ್ಡದಾದ ರಿಚ್‌ಲ್ಯಾಂಡ್ ಜೈಂಟ್ಸ್ ತಂಡದೊಡನೆ. ಕೊನೆಯ ಕ್ಷಣದಲ್ಲಿ ಡೇವಿಡ್ ಎಂಬ ಸಣ್ಣಕಲು ಹುಡುಗ 51 ಗಜ ದೂರದಿಂದ, ಎಂದರೆ ಹೆಚ್ಚುಕಡಿಮೆ 47 ಮೀಟರಿನಿಂದ, ಎರಡು ಕಂಬಗಳ ನಡುವೆ ಚೆಂಡನ್ನು ಒದೆಯಬೇಕು. ಗಾಲಿಕುರ್ಚಿಯಲ್ಲೇ ಬದುಕು ಸವೆಸುತ್ತಿದ್ದ ಅವನ ತಂದೆ, ಮಗನಿಗೆ ಧೈರ್ಯವಾಗಲೆಂದು ಬೇಲಿಯನ್ನು ಹಿಡಿದು ಎದ್ದು ನಿಂತು ಕೈಯೆತ್ತುತ್ತಾನೆ. ಚೆಂಡು ಕಂಬಗಳ ನಡುವೆ ಹಾರಿಹೋಗುತ್ತದೆ. ಮನೆಯಲ್ಲಿ ಹೆಂಡತಿಗೆ ಗರ್ಭ ನಿಂತ ಸುದ್ದಿ ಕಾದಿರುತ್ತದೆ.

ತಂದೆ ಎದ್ದು ನಿಂತ ದೃಶ್ಯದಲ್ಲಿ ಅಧ್ಯಾಪಕರ ಕಣ್ಣು ಒದ್ದೆಯಾದದ್ದನ್ನು ನಾನು ಬಲ್ಲೆ. ಚಿತ್ರದ ಮತ್ತೊಂದು ಪ್ರಸಿದ್ಧ ದೃಶ್ಯವನ್ನೂ ಅವರು ಮನಸಾರೆ ಹೊಗಳಿದರು. ತಂಡದ ಪ್ರಮುಖ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ, ಬೆನ್ನ ಮೇಲೆ ಸಂಗಡಿಗನೊಬ್ಬನನ್ನು ಹೊರಿಸಿ, ಅಂಗೈ ಪಾದಗಳ ಮೇಲೆ ತೆವಳುವಂತೆ ತರಬೇತುದಾರ ಹೇಳುತ್ತಾನೆ. ತಾನೂ ಪಕ್ಕದಲ್ಲಿ ತೆವಳುತ್ತಾ, ಕೂಗುತ್ತಾ, ಬೇಡುತ್ತಾ ಅವನನ್ನು ಮುನ್ನಡೆಸುತ್ತಾನೆ. ಕಟ್ಟು ಬಿಚ್ಚಿದಾಗ ಹುಡುಗ ಮೈದಾನದ ಆ ತುದಿಯಿಂದ ಈ ತುದಿಗೆ ಬಂದು ಬಿದ್ದಿರುತ್ತಾನೆ. "ಇಲ್ಲಿ ನಾನು ಅವಿಶ್ವಾಸಿಯಲ್ಲ. ಮನುಷ್ಯ ಮನುಷ್ಯನಿಗೆ ಹೀಗೆ ಆಗಿಬರುವುದನ್ನು ನಾನು ನಂಬುತ್ತೇನೆ" ಎಂದರು ಅಧ್ಯಾಪಕರು. ಆ ಕೂಗಿನಲ್ಲಿ ನನಗೆ ದೈವಕೃಪೆಯೇ ಕೇಳಿಸಿತು ಎಂದು ನಾನೆಂದೆ. ಆ ಬಗ್ಗೆ ನಮಗೆ ಜಗಳವಿರಲಿಲ್ಲ.

ಜಗಳ ಹುಟ್ಟಿದ್ದು ಮುಂದಿನ ಪ್ರಶ್ನೆಯಿಂದ. "ರಿಚ್‌ಲ್ಯಾಂಡಿನ ಹುಡುಗರು ಪ್ರಾರ್ಥಿಸಿರಲಿಲ್ಲವೇ?"

ಇದು ಹೊಸ ಪ್ರಶ್ನೆಯೇನಲ್ಲ. ಕ್ರೀಡಾಂಗಣದಲ್ಲಿ ದೇವರ ಹೆಸರೆತ್ತಿದಾಗಲೆಲ್ಲ ನಾಸ್ತಿಕರು ಕೇಳುವ ಮೊದಲ ಪ್ರಶ್ನೆಯೇ ಇದು. ನಾವು ಅದನ್ನು ಕುಚೋದ್ಯವೆಂದು ತಳ್ಳಿಹಾಕುತ್ತೇವೆ. ಆದರೆ ಚಿತ್ರವನ್ನು ಮತ್ತೊಮ್ಮೆ ಮನಸ್ಸಿನಲ್ಲಿ ತಿರುವಿಹಾಕಿ ನೋಡಿ. ಜಾರ್ಜಿಯಾದಂಥ ಚರ್ಚುಗಳ ನಾಡಿನಲ್ಲಿ ಆ ಹುಡುಗರ ಮನೆಗಳಲ್ಲೂ ಬೈಬಲ್ ಇದ್ದೇ ಇದ್ದಿರಬೇಕು. ಅವರಲ್ಲೂ ಒಬ್ಬನ ತಾಯಿ ಮೊಣಕಾಲೂರಿ ಬೇಡಿರಬೇಕು. ಚಿತ್ರ ಅವಳನ್ನು ನಮಗೆ ತೋರಿಸುವುದಿಲ್ಲ. ಬದಲಿಗೆ ಆ ತಂಡಕ್ಕೆ 'ದೈತ್ಯರು' ಎಂದು ಹೆಸರಿಟ್ಟು, ಒದೆಯುವ ಹುಡುಗನಿಗೆ 'ಡೇವಿಡ್' ಎಂದು ಹೆಸರಿಟ್ಟು, ಸಮುವೇಲನ ಮೊದಲನೆಯ ಗ್ರಂಥದ ದಾವೀದ ಗೊಲ್ಯಾತರ ಕಥೆಯನ್ನು ಅವರ ಮೇಲೆ ಹೊದಿಸಿಬಿಡುತ್ತದೆ. ಗೊಲ್ಯಾತ ಜೀವಸ್ವರೂಪನಾದ ದೇವರ ಸೈನ್ಯವನ್ನು ಹೀಯಾಳಿಸಿದವನು. ರಿಚ್‌ಲ್ಯಾಂಡಿನ ಮಕ್ಕಳು ಮಾಡಿದ ತಪ್ಪಾದರೂ ಏನು? ಅವರು ಚೆನ್ನಾಗಿ ಆಡಿದರು, ಅಷ್ಟೆ. ನಮ್ಮ ಎದುರಾಳಿಯೆಲ್ಲ ದೇವರ ಎದುರಾಳಿ ಎಂಬ ಈ ಸುಲಭದ ಅಳತೆ ಆಟದ ಮೈದಾನದಿಂದ ಹೊರಗೆ ಕಾಲಿಟ್ಟರೆ ಎಷ್ಟು ಅಪಾಯಕಾರಿ ಎಂಬುದನ್ನು ನಾನು ವಿವರಿಸಬೇಕಿಲ್ಲ.

ಅಧ್ಯಾಪಕರ ಎರಡನೆಯ ಮಾತು ಲೆಕ್ಕದ ಮೇಷ್ಟರಿಗೆ ತಕ್ಕುದಾಗಿತ್ತು: "ಪಂದ್ಯ ಮುಗಿದ ಮೇಲೆ ಗೆದ್ದವನ ಕೈಗೆ ಮೈಕು ಕೊಡುತ್ತಾರೆ. ಅವನು ದೇವರಿಗೆ ಕೃತಜ್ಞತೆ ಹೇಳುತ್ತಾನೆ. ಸೋತವನ ಕೈಗೂ ಕೊಟ್ಟರೆ ತಾನೇ ಲೆಕ್ಕ ಸರಿಯಾಗುವುದು?" ಅಮೆರಿಕದಲ್ಲಿ ಒಮ್ಮೆ ಹಾಗೂ ಆಯಿತು. 2010ರ ನವೆಂಬರಿನಲ್ಲಿ ಬಫಲೋ ಬಿಲ್ಸ್ ತಂಡದ ಸ್ಟೀವಿ ಜಾನ್ಸನ್ ಪಂದ್ಯ ಗೆಲ್ಲಿಸಬಹುದಾಗಿದ್ದ ಚೆಂಡನ್ನು ಕೈಚೆಲ್ಲಿದರು. ಅಂದೇ ಅವರು ಟ್ವಿಟರಿನಲ್ಲಿ, ಹಗಲಿರುಳು ನಿನ್ನನ್ನು ಸ್ತುತಿಸುವ ನನಗೆ ಹೀಗೆ ಮಾಡುವುದೇ ಎಂದು ದೇವರನ್ನೇ ತರಾಟೆಗೆ ತೆಗೆದುಕೊಂಡರು. ಜನ ನಕ್ಕರು. ನನಗಾದರೋ ಅವರ ತರ್ಕದಲ್ಲಿ ಯಾವ ದೋಷವೂ ಕಾಣದು. ಹಿಡಿದ ಚೆಂಡಿಗೆ ದೇವರು ಕಾರಣನಾದರೆ ಬಿಟ್ಟ ಚೆಂಡಿಗೆ ಯಾರು ಕಾರಣ? ಕೀರ್ತನೆಗಳ ಗ್ರಂಥದಲ್ಲಿ ದೇವರೊಡನೆ ಹೀಗೆ ಜಗಳಕ್ಕೆ ನಿಂತ ದನಿಗಳು ಕಡಿಮೆಯೇನಿಲ್ಲ.

ಟಿಮ್ ಟೀಬೋ ಅವರ ಪ್ರಸಂಗವೂ ಸ್ವಾರಸ್ಯಕರ. ಮೈದಾನದಲ್ಲೇ ಒಂದು ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಈ ಆಟಗಾರ 2012ರ ಜನವರಿ 8ರಂದು ಡೆನ್ವರ್ ಬ್ರಾಂಕೋಸ್ ತಂಡಕ್ಕೆ ಆಡುತ್ತಾ ಎಸೆದ ಚೆಂಡುಗಳ ಒಟ್ಟು ದೂರ 316 ಗಜ. ಹಿಂದೆ ಕಾಲೇಜಿನ ದಿನಗಳಲ್ಲಿ ಕಣ್ಣಿನ ಕೆಳಗಿನ ಕಪ್ಪು ಪಟ್ಟಿಯ ಮೇಲೆ ಅವರು ಬರೆದುಕೊಂಡಿದ್ದ ಬೈಬಲ್ ವಚನ ಯೊವಾನ್ನ 3:16. ಇದು ದೈವಸಂಕೇತವಲ್ಲದೆ ಮತ್ತೇನು ಎಂದು ಲಕ್ಷಾಂತರ ಮಂದಿ ಪುಳಕಗೊಂಡರು. ಮುಂದಿನ ಶನಿವಾರ ಅದೇ ತಂಡ ನ್ಯೂ ಇಂಗ್ಲೆಂಡಿನ ಎದುರು 45–10 ಅಂತರದಲ್ಲಿ ಸೋತಿತು. ಆ ಅಂಕೆಗಳಿಗೆ ಯಾರೂ ಅಧ್ಯಾಯ, ವಚನ ಹುಡುಕಲಿಲ್ಲ. ಟೀಬೋ ಅವರ ಭಕ್ತಿಯನ್ನು ನಾನು ಸಂದೇಹಿಸುತ್ತಿಲ್ಲ. ಅದನ್ನು ಸುತ್ತುವರಿದ ಅಂಕೆಗಳ ಜಾತ್ರೆಯ ಬಗ್ಗೆ ಹೇಳುತ್ತಿದ್ದೇನೆ. ಮರುವರ್ಷ, 2013ರ ಜನವರಿಯಲ್ಲಿ, ಪಬ್ಲಿಕ್ ರಿಲಿಜನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ನಡೆಸಿದ ಸಮೀಕ್ಷೆಯಲ್ಲಿ, ಪಂದ್ಯದ ಫಲಿತಾಂಶದಲ್ಲಿ ದೇವರ ಪಾತ್ರವಿದೆ ಎಂದವರು ಅಮೆರಿಕನ್ನರಲ್ಲಿ ನೂರಕ್ಕೆ 27 ಮಂದಿ. ಆದರೆ ವಿಶ್ವಾಸವುಳ್ಳ ಆಟಗಾರರಿಗೆ ದೇವರು ಆರೋಗ್ಯ, ಯಶಸ್ಸುಗಳ ಬಹುಮಾನ ಕೊಡುತ್ತಾನೆ ಎಂದವರು 53 ಮಂದಿ! ಈ ಎರಡನೆಯ ಅಂಕೆಯೇ ನನ್ನನ್ನು ಹೆಚ್ಚು ಕಾಡುತ್ತದೆ. ಚಿತ್ರ ಬೋಧಿಸುವುದೂ ಅದನ್ನೇ.

ನಾಸ್ತಿಕರ ಒಂದು ವಾದವನ್ನು ಮಾತ್ರ ನಾನು ಒಪ್ಪಲಾರೆ. ಹಸಿವು, ಯುದ್ಧಗಳಿರುವ ಲೋಕದಲ್ಲಿ ದೇವರಿಗೆ ಚೆಂಡಿನಾಟದ ಗೊಡವೆ ಏಕೆ ಎಂದು ಅವರು ಕೇಳುತ್ತಾರೆ. ತಲೆಯ ಕೂದಲುಗಳೂ ಎಣಿಕೆಯಾಗಿವೆ ಎಂದು ಪ್ರಭು ಯೇಸು ಹೇಳಿದ್ದನ್ನು ನಂಬುವ ನಮಗೆ ಯಾವ ಹುಡುಗನ ಆಟವೂ ದೇವರಿಗೆ ಅಲ್ಪವಲ್ಲ. ಹೋಗಲಿ, ಅದು ಬೇರೆ ಚರ್ಚೆ.

ಚಿತ್ರದ ನಿಜವಾದ ದೋಷ ಇರುವುದು ಬೇರೊಂದು ಕಡೆ. ಸೋತರೂ ಸ್ತುತಿಸೋಣ ಎಂಬ ಅದರ ಮಾತು ಅಪ್ಪಟ ಕ್ರೈಸ್ತ ಮಾತು. ಗ್ರಾಂಟ್ ತನ್ನ ಹೆಂಡತಿಯನ್ನು ಕೇಳುತ್ತಾನೆ: ದೇವರು ನಮಗೆ ಮಕ್ಕಳನ್ನು ಕೊಡದೆಯೇ ಹೋದರೂ ನೀನು ಅವನನ್ನು ಪ್ರೀತಿಸುತ್ತೀಯಾ? ಚಿತ್ರದಲ್ಲಿ ಇದಕ್ಕಿಂತ ಮಿಗಿಲಾದ ಮಾತಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರಿಸುವ ಕಷ್ಟವನ್ನು ಚಿತ್ರ ಯಾರಿಗೂ ಕೊಡುವುದಿಲ್ಲ. ಗರ್ಭಪರೀಕ್ಷೆಯಲ್ಲಿ ಇಲ್ಲವೆಂದು ತಿಳಿದು, ಆದರೂ ನಿನ್ನನ್ನು ಪ್ರೀತಿಸುತ್ತೇನೆ ಎನ್ನುತ್ತಾ ಆಸ್ಪತ್ರೆಯಿಂದ ಹೊರಬಂದ ಹೆಂಡತಿಯ ಹಿಂದೆಯೇ ದಾದಿ ಓಡಿಬರುತ್ತಾಳೆ. ವರದಿ ಅದಲುಬದಲಾಗಿತ್ತು, ನಿಮಗೆ ಗರ್ಭ ನಿಂತಿದೆ ಎನ್ನುತ್ತಾಳೆ. ಎರಡು ವರ್ಷಗಳ ನಂತರದ ಕೊನೆಯ ದೃಶ್ಯದಲ್ಲಿ ಮಗುವೊಂದು ಆಡುತ್ತಿದೆ, ಮತ್ತೊಂದು ಬರಲಿದೆ, ಕಪಾಟಿನ ಮೇಲೆ ಎರಡನೆಯ ಪ್ರಶಸ್ತಿಯೂ ಕುಳಿತಿದೆ. ಸೋಲಿನಲ್ಲಿ ಸ್ತುತಿಸುವುದನ್ನು ಬೋಧಿಸಿ, ಸೋಲನ್ನೇ ಕಥೆಯಿಂದ ಹೊರಗೆ ಅಟ್ಟಿಬಿಟ್ಟರೆ ಹೇಗೆ?

ದಾದಿ ಓಡಿಬರುವ ದೃಶ್ಯದಲ್ಲಿ ಸಭಾಂಗಣ ಚಪ್ಪಾಳೆಯಿಂದ ತುಂಬಿತು. ನಮ್ಮ ಮುಂದಿನ ಸಾಲಿನಲ್ಲಿದ್ದ ದಂಪತಿಗಳು ಚಪ್ಪಾಳೆ ತಟ್ಟಲಿಲ್ಲ. ಅವರ ಮದುವೆಯಾಗಿ ಹತ್ತು ವರ್ಷಗಳ ಮೇಲಾಗಿದೆ. ವೇಲಾಂಕಣಿಗೆ ಹೋಗಿ ಬಂದಿದ್ದಾರೆ, ನವೇನಗಳನ್ನು ತಪ್ಪಿಸಿದವರಲ್ಲ. ಚಿತ್ರ ಮುಗಿಯುವ ಮೊದಲೇ ಅವರು ಎದ್ದು ಹೋದರು. ಬೇರೇನೋ ಕೆಲಸವಿದ್ದಿರಬಹುದು. ಆದರೂ ಆ ಎರಡು ಖಾಲಿ ಕುರ್ಚಿಗಳನ್ನು ನೋಡುತ್ತಾ ಕುಳಿತ ನನಗೆ ಅಂತಿಮ ಪಂದ್ಯ ರುಚಿಸಲಿಲ್ಲ. ಪ್ರಾರ್ಥಿಸಿದ ಇಬ್ಬರು ರೈತರಲ್ಲಿ ಮಳೆಗಾಗಿ ಹೊಲ ಹಸನು ಮಾಡಿಟ್ಟವನೇ ನಿಜವಾದ ವಿಶ್ವಾಸಿ ಎಂಬ ಕಥೆಯನ್ನು ಚಿತ್ರದ ಹಿರಿಯರೊಬ್ಬರು ಹೇಳುತ್ತಾರೆ. ಒಳ್ಳೆಯ ಕಥೆ. ಹೊಲ ಹಸನು ಮಾಡಿಟ್ಟೂ ಮಳೆ ಬಾರದ ಮೂರನೆಯ ರೈತನಿಗೆ ಅವರ ಬಳಿ ಹೇಳಲು ಏನಿದೆ?

ಅಧ್ಯಾಪಕರು ಬೀಳ್ಕೊಳ್ಳುವಾಗ ಹಿಂಜರಿಯುತ್ತಲೇ ಹೇಳಿದ್ದು ಇದು: "ತಪ್ಪು ತಿಳಿಯಬೇಡಿ. ನೀವು ಪರದೆ ಕಟ್ಟಿದ್ದ ಗೋಡೆಯ ಮೇಲ್ಗಡೆ ಶಿಲುಬೆಯೊಂದಿತ್ತು. ಎರಡು ಗಂಟೆ ಎರಡನ್ನೂ ನೋಡುತ್ತಾ ಕುಳಿತಿದ್ದೆ. ಅವೆರಡೂ ಒಂದೇ ಮಾತನ್ನು ಹೇಳುತ್ತಿವೆ ಎಂದು ನನಗನಿಸಲಿಲ್ಲ." ಗೆತ್ಸೆಮನಿ ತೋಟದಲ್ಲಿ ಬೇಡಿಕೊಂಡವರಿಗೆ ಆ ಪಾತ್ರೆ ತಪ್ಪಲಿಲ್ಲ ಎಂಬುದನ್ನು ಅವರು ನನಗೆ ನೆನಪಿಸಬೇಕಾಯಿತು. ಪುನರುತ್ಥಾನದ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ದಾದಿಯ ಓಟದಂತೆ ಬಳಸಲು ಮನಸ್ಸಾಗದೆ ಸುಮ್ಮನಾದೆ.

ಹಾಗಾದರೆ ಕ್ರೀಡೆ, ವಿಶ್ವಾಸಗಳನ್ನು ಕುರಿತು ಉತ್ತಮ ಚಿತ್ರವೇ ಇಲ್ಲವೇ ಎಂದು ನೀವು ಕೇಳಬಹುದು. 1981ರ 'ಚಾರಿಯಟ್ಸ್ ಆಫ್ ಫೈರ್' ಇದೆ. ಹ್ಯೂ ಹಡ್ಸನ್ ನಿರ್ದೇಶಿಸಿದ, ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆದ ಕೃತಿ. ಸ್ಕಾಟ್‌ಲೆಂಡಿನ ಓಟಗಾರ ಎರಿಕ್ ಲಿಡೆಲ್ 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, 100 ಮೀಟರ್ ಓಟದ ಆರಂಭಿಕ ಸುತ್ತು ಭಾನುವಾರ ಬಿದ್ದಿತೆಂದು ಓಡಲೊಪ್ಪಲಿಲ್ಲ. 400 ಮೀಟರ್ ಓಡಿ, 47.6 ಸೆಕೆಂಡುಗಳ ವಿಶ್ವದಾಖಲೆಯೊಡನೆ ಚಿನ್ನ ಗೆದ್ದರು. ಹಡಗು ಹತ್ತುವಾಗ ಅವರಿಗೆ ವೇಳಾಪಟ್ಟಿ ತಿಳಿಯಿತೆಂಬುದು ಚಿತ್ರದ ಕಲ್ಪನೆ. ನಿಜದಲ್ಲಿ ತಿಂಗಳುಗಳ ಮೊದಲೇ ತಿಳಿದು 400 ಮೀಟರಿಗೆ ಅಭ್ಯಾಸ ನಡೆಸಿದ್ದರು. ಈ ಚಿತ್ರವೂ ಗೆಲುವಿನಲ್ಲೇ ಮುಗಿಯುತ್ತದೆ ಎಂಬುದನ್ನು ಮರೆಮಾಚಲಾರೆ. ಓಟಕ್ಕೆ ಮುನ್ನ ಅವರ ಕೈಸೇರುವ ಚೀಟಿಯಲ್ಲೂ ಗೌರವಿಸಿದವನನ್ನು ದೇವರು ಗೌರವಿಸುವ ಲೆಕ್ಕವೇ ಇದೆ. ಆದರೂ ಇಲ್ಲಿ ವಿಶ್ವಾಸವೆಂದರೆ ಮೊದಲು ಬಿಟ್ಟುಕೊಡುವುದು. ಮತ್ತೆ, ಲಿಡೆಲ್ ಬಿಟ್ಟುಕೊಟ್ಟ 100 ಮೀಟರಿನ ಚಿನ್ನ ಯೆಹೂದಿ ಮನೆತನದ ಹೆರಾಲ್ಡ್ ಅಬ್ರಹಾಮ್ಸ್ ಪಾಲಾಗುತ್ತದೆ. ಚಿತ್ರ ಆತನನ್ನು ಗೊಲ್ಯಾತನನ್ನಾಗಿ ಮಾಡದೆ, ಆತನ ಗಾಯಗಳನ್ನೂ ಛಲವನ್ನೂ ಅಷ್ಟೇ ಅಕ್ಕರೆಯಿಂದ ತೋರಿಸುತ್ತದೆ. ಸಜ್ಜನರ ಮೇಲೂ ದುರ್ಜನರ ಮೇಲೂ ಸೂರ್ಯನನ್ನು ಉದಯಿಸುವ ತಂದೆಯನ್ನು ಸಂತ ಮತ್ತಾಯನ ಶುಭಸಂದೇಶದಲ್ಲಿ ಓದುವ ನಮಗೆ ಈ ಉದಾರತೆ ಅಪರಿಚಿತವಲ್ಲ.

ಲಿಡೆಲ್ ಅವರ ಮುಂದಿನ ಬದುಕನ್ನು ಚಿತ್ರ ಕೊನೆಯ ಒಂದೆರಡು ಸಾಲುಗಳಲ್ಲಿ ಮುಗಿಸುತ್ತದೆ. ಅದನ್ನು ಯುವಜನರಿಗೆ ನಾವೇ ಹೇಳಬೇಕು. 1925ರಲ್ಲಿ ಅವರು ತಾವು ಹುಟ್ಟಿದ ಚೀನಾಕ್ಕೆ ಮಿಷನರಿಯಾಗಿ ಮರಳಿದರು. 1941ರಲ್ಲಿ, ಯುದ್ಧದ ಭೀತಿಯಿಂದ, ಗರ್ಭಿಣಿಯಾಗಿದ್ದ ಪತ್ನಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳುಹಿಸಿದರು. ಮೂರನೆಯ ಮಗಳನ್ನು ಅವರು ನೋಡಲೇ ಇಲ್ಲ. 1943ರಿಂದ ವೈಶಿಯನ್ನಿನ ಜಪಾನೀ ಬಂಧನ ಶಿಬಿರದಲ್ಲಿದ್ದು, ಮಿದುಳಿನ ಗಡ್ಡೆಯಿಂದ 1945ರ ಫೆಬ್ರವರಿ 21ರಂದು, 43ನೆಯ ವಯಸ್ಸಿನಲ್ಲಿ ತೀರಿಕೊಂಡರು. ಶಿಬಿರ ಬಿಡುಗಡೆಗೊಂಡದ್ದು ಅದೇ ಆಗಸ್ಟಿನಲ್ಲಿ. ಇಲ್ಲಿ ಯಾವ ದಾದಿಯೂ ಓಡಿಬರಲಿಲ್ಲ. ಅದೇ ಶಿಬಿರದಲ್ಲಿ ಅವರು ಮಕ್ಕಳಿಗಾಗಿ ಆಟಗಳನ್ನು ನಡೆಸುತ್ತಿದ್ದರು. ಭಾನುವಾರ ಆಡಿಸಲು ಮೊದಲು ಒಪ್ಪಿರಲಿಲ್ಲ. ಮೇಲ್ವಿಚಾರಣೆಯಿಲ್ಲದೆ ಆಡಿದ ಹುಡುಗರು ಹೊಡೆದಾಡಿಕೊಂಡರು. ಮುಂದಿನ ಭಾನುವಾರ ಲಿಡೆಲ್ ತಾವೇ ತೀರ್ಪುಗಾರರಾಗಿ ಮೈದಾನಕ್ಕಿಳಿದರು. ಒಲಿಂಪಿಕ್ಸ್‌ಗಾಗಿ ಬಿಡದ ವ್ರತವನ್ನು ಅವರು ಆ ಬಂದಿಮಕ್ಕಳಿಗಾಗಿ ಸಡಿಲಿಸಿದ್ದರು.

ಈ ಕಥೆಯನ್ನು ಅಧ್ಯಾಪಕರಿಗೆ ಹೇಳಿದ್ದೇನೆ. ಬಹಳ ಹೊತ್ತು ಸುಮ್ಮನಿದ್ದು, ಆ ಚಿತ್ರವನ್ನು ಎಂದು ತೋರಿಸುತ್ತೀರಿ ಎಂದು ಕೇಳಿದರು. ಯುವಜನರೊಡನೆ ಮಾತನಾಡಿದ್ದೇನೆ. ಈ ಬಾರಿ ಆ ದಂಪತಿಗಳನ್ನು ನಾನೇ ಮನೆಗೆ ಹೋಗಿ ಕರೆಯಬೇಕೆಂದಿದ್ದೇನೆ. ಅವರು ಬರುವರೋ ಇಲ್ಲವೋ, ನೋಡಬೇಕು.